ಊರಲ್ಲಿದ್ದೇ ಕ್ರೀಡಾ ವೈದ್ಯಕೀಯ ಓದುವುದು: ಫೀಸು ಕಟ್ಟುವ ಮೊದಲು, ಕಟ್ಟಿದ ಮೇಲೆ

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕ್ಲಿನಿಕ್ ನಡೆಸುತ್ತಲೇ ಆನ್‌ಲೈನ್‌ನಲ್ಲಿ ಕ್ರೀಡಾ ವೈದ್ಯಕೀಯದ ಸ್ನಾತಕೋತ್ತರ ಓದು ಮುಗಿಸಬಹುದು. ಆದರೆ ಆ ಓದು ಭಾರತದಲ್ಲಿ ನಿಮ್ಮನ್ನು ಸ್ಪೆಷಲಿಸ್ಟ್ ಮಾಡುವುದಿಲ್ಲ. ಇಷ್ಟನ್ನು ಮೊದಲೇ ಒಪ್ಪಿಕೊಂಡು ಹೊರಟವರಿಗೆ ಮುಂದೆ ನಿರಾಸೆ ಕಡಿಮೆ.

ಕಾರಣ ನಿಯಮದಲ್ಲೇ ಇದೆ. ಯುಜಿಸಿಯ 2020ರ ದೂರಶಿಕ್ಷಣ ಮತ್ತು ಆನ್‌ಲೈನ್ ನಿಯಮಗಳ ಪ್ರಕಾರ ವೈದ್ಯಕೀಯ, ದಂತ, ನರ್ಸಿಂಗ್, ಫಿಸಿಯೋಥೆರಪಿ, ಪ್ಯಾರಾಮೆಡಿಕಲ್ ಪದವಿಗಳನ್ನು ಆ ದಾರಿಯಲ್ಲಿ ಕೊಡುವಂತಿಲ್ಲ. 2025ರ ಜುಲೈ–ಆಗಸ್ಟ್ ಸಾಲಿನಿಂದ ಕ್ಲಿನಿಕಲ್ ನ್ಯೂಟ್ರಿಷನ್‌ನಂಥ ವಿಷಯಗಳಿಗೂ ಅದೇ ಬಾಗಿಲು ಮುಚ್ಚಿದೆ. ಎಂಡಿ ಸ್ಪೋರ್ಟ್ಸ್ ಮೆಡಿಸಿನ್ ಬೇಕೆಂದರೆ ನೀಟ್ ಪಿಜಿ ಬರೆದು ಮೂರು ವರ್ಷ ರೆಸಿಡೆನ್ಸಿ ಮಾಡಬೇಕು. ಎಂಪಿಟಿ ಸ್ಪೋರ್ಟ್ಸ್ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಎಂದರೂ ಎರಡು ವರ್ಷ ಕಾಲೇಜಿಗೆ ಹೋಗಲೇಬೇಕು. ಇಲ್ಲಿನ ಯಾವುದೇ ಸಂಸ್ಥೆ ‘ಮನೆಯಲ್ಲೇ ಕೂತು ಎಂಡಿ’, ‘ಆನ್‌ಲೈನ್ ಎಂಪಿಟಿ’ ಅಂತ ಫೋನ್ ಮಾಡಿದರೆ ಮಾತು ಬೆಳೆಸುವುದೇ ಬೇಡ.

ಉಳಿಯುವುದು ಹೊರದೇಶದ ಕೋರ್ಸುಗಳು. ಬ್ರಿಟನ್ನಿನ ಬಾತ್, ಸೌತ್ ವೇಲ್ಸ್ ವಿಶ್ವವಿದ್ಯಾಲಯಗಳು ವೃತ್ತಿಯಲ್ಲಿರುವವರಿಗೆಂದೇ ಇಂಥ ಕೋರ್ಸು ನಡೆಸುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಎರಡು ವರ್ಷದ ಸ್ಪೋರ್ಟ್ಸ್ ಮೆಡಿಸಿನ್ ಡಿಪ್ಲೊಮಾ ಇದೆ. ಫಿಸಿಯೋಗಳಿಗೆ ಅದರದೇ ಬೇರೆ ಡಿಪ್ಲೊಮಾ ಇದೆ. ಇವುಗಳಿಂದ ಬರುವ ಲಾಭ ಜ್ಞಾನ, ತಂಡಗಳ ಕೆಲಸ, ಬರವಣಿಗೆಯ ಅಭ್ಯಾಸ. ಬ್ರಿಟನ್ನಿನ ಸ್ಪೆಷಲಿಸ್ಟ್ ಪಟ್ಟಿಯಲ್ಲೂ ಇವುಗಳಿಂದ ಹೆಸರು ಸೇರುವುದಿಲ್ಲ. ಬೋರ್ಡಿನಲ್ಲಿ ಎಂಬಿಬಿಎಸ್ ಪಕ್ಕ ಡಿಪ್ಲೊಮಾದ ಪೂರ್ತಿ ಹೆಸರನ್ನೂ ವಿಶ್ವವಿದ್ಯಾಲಯದ ಹೆಸರನ್ನೂ ಹಾಕಿ. ‘ಕ್ರೀಡಾ ವೈದ್ಯಕೀಯ ತಜ್ಞರು’ ಎಂದು ಹಾಕಬೇಡಿ.

ವಾರಕ್ಕೆ ಎಷ್ಟು ಗಂಟೆ

ಬ್ರಿಟಿಷ್ ಲೆಕ್ಕದಲ್ಲಿ ಪಿಜಿ ಸರ್ಟಿಫಿಕೇಟ್ 60 ಕ್ರೆಡಿಟ್, ಪಿಜಿ ಡಿಪ್ಲೊಮಾ 120, ಎಂಎಸ್‌ಸಿ 180. ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಯ ಓದು. 20 ಕ್ರೆಡಿಟ್‌ನ ಒಂದು ಮಾಡ್ಯೂಲಿಗೆ 200 ಗಂಟೆ. ಅದು 12 ವಾರ ನಡೆದರೆ ವಾರಕ್ಕೆ 16–17 ಗಂಟೆ, ಆರೇ ವಾರಕ್ಕೆ ಮುಗಿಸುವಂತಿದ್ದರೆ 33 ಗಂಟೆ. ಬೆಳಗ್ಗೆ ಆಸ್ಪತ್ರೆ, ಸಂಜೆ ಆರರಿಂದ ಒಂಬತ್ತು ಸ್ವಂತ ಕ್ಲಿನಿಕ್ ಎನ್ನುವವರಿಗೆ ಎರಡನೆಯದು ಆಗದ ಮಾತು. ‘ಪಾರ್ಟ್ ಟೈಮ್’ ಎಂಬ ಪದ ನೋಡಿ ಸಮಾಧಾನಪಡಬೇಡಿ. ಕ್ರೆಡಿಟ್ಟನ್ನು ಹತ್ತರಿಂದ ಗುಣಿಸಿ, ವಾರಗಳಿಂದ ಭಾಗಿಸಿ, ಬಂದ ಉತ್ತರವನ್ನು ಮನೆಯವರಿಗೂ ತೋರಿಸಿ.

ಅಷ್ಟು ಹೊತ್ತು ಕೂರಲು ಆಗುತ್ತದೋ ಇಲ್ಲವೋ ತಿಳಿಯಲು ಖರ್ಚಿಲ್ಲದ ದಾರಿಯೊಂದಿದೆ. ಫಿಫಾದ ಫುಟ್‌ಬಾಲ್ ಮೆಡಿಸಿನ್ ಡಿಪ್ಲೊಮಾ ಆನ್‌ಲೈನ್‌ನಲ್ಲಿ ಉಚಿತ. ನಮ್ಮ ಕಡೆ ಕಬಡ್ಡಿ, ಕುಸ್ತಿ, ವಾಲಿಬಾಲೇ ಹೆಚ್ಚು, ನಿಜ. ಆದರೆ ಮೊಣಕಾಲು, ಹಿಮ್ಮಡಿ, ತಲೆಪೆಟ್ಟಿನ ಪಾಠ ಎಲ್ಲ ಆಟಕ್ಕೂ ಒಂದೇ. ಎರಡು ತಿಂಗಳು ಬಿಡದೆ ಅದನ್ನು ಮಾಡಿ ನೋಡಿ. ಆಗಲಿಲ್ಲವೆಂದರೆ ಪೌಂಡುಗಳು ಉಳಿದವು.

ಕೇಳಿ ಬರೆಸಿಕೊಳ್ಳಬೇಕಾದ್ದು

ಬ್ರೋಷರಿನಲ್ಲಿ ಇರದ ಕೆಲವು ಸಂಗತಿಗಳನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. ಪ್ರಮಾಣಪತ್ರದ ಮೇಲೆ ಯಾರ ಹೆಸರು ಬರುತ್ತದೆ, ವಿಶ್ವವಿದ್ಯಾಲಯದ್ದೋ ಕೋರ್ಸು ಮಾರುವ ಕಂಪನಿಯದ್ದೋ? ಕೈಯಿಂದ ಮಾಡುವ ಪರೀಕ್ಷೆಗಳನ್ನು, ಅಂದರೆ ಮೊಣಕಾಲಿನ ಅಸ್ಥಿರಜ್ಜು ಹರಿದಿದೆಯೇ ನೋಡುವ ಲ್ಯಾಕ್‌ಮನ್ ಟೆಸ್ಟ್‌ನಂಥವನ್ನು, ಹೇಗೆ ಅಳೆಯುತ್ತಾರೆ? ವಿಡಿಯೊ ಕಳಿಸಬೇಕೋ, ಒಂದು ವಾರ ಅಲ್ಲಿಗೇ ಹೋಗಬೇಕೋ? ಹೋಗಬೇಕಿದ್ದರೆ ವೀಸಾ, ವಿಮಾನದ ಖರ್ಚೂ ನಿಮ್ಮ ತಲೆಗೇ. ಸ್ಥಳೀಯ ಮಾರ್ಗದರ್ಶಕರು ಬೇಕೆಂದರೆ ಆರ್ಥೋಪೆಡಿಕ್ಸ್‌ನವರು ಸಾಕೇ? ಮಧ್ಯೆ ಆರು ತಿಂಗಳು ನಿಲ್ಲಿಸಿದರೆ ಫೀಸು ಉಳಿಯುತ್ತದೆಯೇ, ಮುಂದಿನ ವರ್ಷದ ಹೊಸ ದರ ಬೀಳುತ್ತದೆಯೇ? ಮಾಡ್ಯೂಲ್ ಲೆಕ್ಕದಲ್ಲಿ ಕಟ್ಟುವ ಅವಕಾಶವಿದ್ದರೆ ಅದನ್ನೇ ಆರಿಸಿ. 60 ಕ್ರೆಡಿಟ್‌ಗೆ ನಿಂತರೂ ಸಾಮಾನ್ಯವಾಗಿ ಕೈಗೆ ಸರ್ಟಿಫಿಕೇಟ್ ಬರುತ್ತದೆ.

ಕಾಗದಪತ್ರ ಮತ್ತು ಹಣ

ಹೆಚ್ಚಿನವರ ಅರ್ಜಿ ನಿಲ್ಲುವುದು ಅಂಕಗಳಿಂದಲ್ಲ, ಇನಿಷಿಯಲ್‌ನಿಂದ. ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರಿನ ಮುಂದೆ ‘ಜಿ.ಟಿ.’ ಎಂದಷ್ಟೇ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿರುತ್ತದೆ. ಅಲ್ಲಿನ ಗುಮಾಸ್ತರಿಗೆ ಇವು ಇಬ್ಬರು ಬೇರೆ ಬೇರೆ ಮನುಷ್ಯರು. ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಮೊದಲೇ ಮಾಡಿಸಿ ಅರ್ಜಿಯ ಜೊತೆಗೇ ಕಳಿಸಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ. ಅದಕ್ಕೂ ಮೊದಲು ಓದಿದವರು ಟ್ರಾನ್ಸ್‌ಕ್ರಿಪ್ಟ್‌ಗೆ (ವಿಶ್ವವಿದ್ಯಾಲಯವೇ ದೃಢೀಕರಿಸಿ ಕೊಡುವ ಅಂಕಗಳ ದಾಖಲೆ) ತಮ್ಮ ಹಳೆಯ ವಿಶ್ವವಿದ್ಯಾಲಯವನ್ನೇ ಕೇಳಬೇಕು. ಕೆಲವು ಕಡೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ‘ಗುಡ್ ಸ್ಟ್ಯಾಂಡಿಂಗ್’ ಪತ್ರವನ್ನೂ (ನಿಮ್ಮ ಮೇಲೆ ಶಿಸ್ತುಕ್ರಮವಿಲ್ಲ ಎಂಬ ಪತ್ರ) ಕೇಳುತ್ತಾರೆ. ಅದಕ್ಕೆ ನಿಮ್ಮ ನೋಂದಣಿ ನವೀಕರಣ ಆಗಿರಬೇಕು.

ಹಣ ಕಳಿಸುವಾಗ ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು, ಪ್ಯಾನ್ ಬೇಕು. ಉದ್ದೇಶದ ಕೋಡ್ ಎಸ್1107, ಅಂದರೆ ಇಲ್ಲೇ ಕೂತು ಹೊರದೇಶದ ಕೋರ್ಸು ಓದುವವರ ಫೀಸು. ಕೌಂಟರಿನಲ್ಲಿ ಅಭ್ಯಾಸಬಲದಿಂದ ಎಸ್0305 ಹಾಕಿಬಿಡುತ್ತಾರೆ. ಅದು ಓದಲು ಅಲ್ಲಿಗೇ ಪ್ರಯಾಣ ಮಾಡುವವರಿಗೆ. ಇನ್ನೊಂದು ಸಣ್ಣ ವಿಷಯ: ಚಾರ್ಜು ಯಾರದು ಎಂಬ ಜಾಗದಲ್ಲಿ ‘ಒಯುಆರ್’ (OUR, ಅಂದರೆ ಎಲ್ಲ ಚಾರ್ಜೂ ಕಳಿಸುವವರದೇ) ಎಂದು ಗುರುತು ಹಾಕಿಸಿ. ಇಲ್ಲವಾದರೆ ನಡುವಿನ ಬ್ಯಾಂಕು ಕೆಲವು ಪೌಂಡು ಮುರಿದುಕೊಳ್ಳುತ್ತದೆ, ಅಷ್ಟು ಬಾಕಿಗೇ ಪೋರ್ಟಲ್ ಲಾಗಿನ್ ನಿಂತುಹೋಗುತ್ತದೆ.

ಗಡಿಯಾರ, ಕರೆಂಟು

ಬ್ರಿಟನ್ ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದಿಡುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತದೆ. ಅಲ್ಲಿ ಸಂಜೆ ಆರಕ್ಕೆ ಇಟ್ಟ ಲೈವ್ ಕ್ಲಾಸು ನಮಗೆ ಬೇಸಿಗೆಯಲ್ಲಿ ರಾತ್ರಿ 10.30ಕ್ಕೆ, ಚಳಿಗಾಲದಲ್ಲಿ 11.30ಕ್ಕೆ. ಅಕ್ಟೋಬರ್ ಕೊನೆಯಲ್ಲಿ ಒಂದು ಗಂಟೆ ಮೊದಲೇ ಬಂದು ಖಾಲಿ ಪರದೆ ನೋಡುತ್ತ ಕೂರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನಷ್ಟವಾಗುವುದು ಮಾರ್ಚ್ ಕೊನೆಯಲ್ಲಿ: ಆಗ 11.30ಕ್ಕೆ ಕೂತರೆ ಕ್ಲಾಸು ಮುಗಿಯುತ್ತ ಬಂದಿರುತ್ತದೆ. ವೆಬ್‌ಕ್ಯಾಮ್ ಪರೀಕ್ಷೆಯ ದಿನ ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೆ ಸಾಲದು. ಕರೆಂಟು ಹೋದಾಗ ಮೊದಲು ಸಾಯುವುದು ರೌಟರ್. ಅದನ್ನು ಇನ್ವರ್ಟರ್ ಲೈನಿಗೆ ಹಾಕಿಸಿ, ಮೊಬೈಲ್ ಹಾಟ್‌ಸ್ಪಾಟ್ ಬೇರೆ ಕಂಪನಿಯ ಸಿಮ್‌ನಲ್ಲಿರಲಿ.

ಕೈ ಪಳಗುವುದು ಎಲ್ಲಿ

ಫೀಸು ಕಟ್ಟುವ ಮೊದಲು ಮೈದಾನ ಹುಡುಕಿಕೊಳ್ಳಿ. ಇದನ್ನೇ ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ಆನ್‌ಲೈನ್ ಕೋರ್ಸು ಪಾಠ ಕೊಡುತ್ತದೆ, ಆಟಗಾರರನ್ನು ಕೊಡುವುದಿಲ್ಲ. ಕ್ಲಿನಿಕ್ಕಿಗೆ ಬರುವ ಅರವತ್ತು ವರ್ಷದವರ ಮೊಣಕಾಲು ನೋವಿನಿಂದ ಲಾಗ್‌ಬುಕ್ (ನೋಡಿದ ರೋಗಿಗಳ ದಾಖಲೆ ಪುಸ್ತಕ) ತುಂಬಿಸಿದರೆ ಪರೀಕ್ಷಕರು ಒಪ್ಪುವುದಿಲ್ಲ.

ಈ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ದಾವಣಗೆರೆಯಲ್ಲಿ ಗರಡಿಗಳಿವೆ, ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದೆ. ಚಿತ್ರದುರ್ಗದಲ್ಲಿ ಒನಕೆ ಓಬವ್ವ ಕ್ರೀಡಾಂಗಣವಿದೆ. ಹಬ್ಬ, ಜಾತ್ರೆಗಳ ಹೊತ್ತಿಗೆ ಕಬಡ್ಡಿ ಟೂರ್ನಮೆಂಟ್ ಇಲ್ಲದ ತಾಲ್ಲೂಕು ಸಿಗುವುದು ಕಷ್ಟ. ಗರಡಿಗೆ ಹೋಗುವುದಾದರೆ ಉಸ್ತಾದರನ್ನು ಮೊದಲು ಕಂಡು, ವಾರಕ್ಕೊಂದು ನಿಗದಿತ ದಿನ ಬರುತ್ತೇನೆಂದು ಹೇಳಿ, ಆ ದಿನ ತಪ್ಪಿಸಬೇಡಿ. ಒಂದೇ ಸಲ ಬಂದು ಫೋಟೊ ಹೊಡೆದುಕೊಂಡು ಹೋಗುವ ಡಾಕ್ಟರನ್ನು ಪೈಲ್ವಾನರು ಎರಡನೇ ಸಲ ಒಳಗೆ ಬಿಡುವುದಿಲ್ಲ, ಬಿಡಲೂಬಾರದು.

ಗರಡಿಯಲ್ಲಿ ಮೊದಲು ಕಲಿಯಬೇಕಾದ್ದು ಕಿವಿ. ಉಜ್ಜಾಟದಲ್ಲಿ ಕಿವಿಯ ಹೊರಭಾಗದಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ. ಮುಟ್ಟಿದರೆ ಮೆತ್ತಗೆ, ನೋವು, ಕಿವಿಯ ಮಡಿಕೆಗಳು ಕಾಣದಂತೆ ಊತ. ಮೃದ್ವಸ್ಥಿಗೆ ರಕ್ತ ಪೂರೈಸುವ ಪೊರೆ ಬೇರ್ಪಟ್ಟಿರುವುದರಿಂದ ಹಾಗೇ ಬಿಟ್ಟರೆ ಒಳಗೆ ಗಟ್ಟಿಯಾಗಿ ಆಕಾರ ಕೆಡುತ್ತದೆ. ಮೊದಲ ಒಂದೆರಡು ದಿನದಲ್ಲೇ ರಕ್ತ ಹೊರತೆಗೆಯಬೇಕು, ತೆಗೆದ ಮೇಲೆ ಒತ್ತಿ ಕಟ್ಟಬೇಕು. ಬರೀ ಸಿರಿಂಜಿನಲ್ಲಿ ಎಳೆದು ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಕೇಸ್ ರಿಪೋರ್ಟಿನಲ್ಲಿ ಅಂಕ ಹೋಗುವುದೂ ಇಲ್ಲೇ, ಒತ್ತಡದ ಕಟ್ಟು ಎಷ್ಟು ದಿನ, ಕುಸ್ತಿಗೆ ಮರಳಿದ್ದು ಯಾವಾಗ, ಕಿವಿಗವಸು ಹಾಕಿಸಿದಿರಾ ಎಂಬುದನ್ನು ಬರೆಯದೆ. ಹಾಗೇ ಚರ್ಮ ನೋಡಿ. ಗಜಕರ್ಣವಿದ್ದ ಪೈಲ್ವಾನನಿಗೆ ಔಷಧಿ ಶುರುಮಾಡಿ ಕನಿಷ್ಠ 72 ಗಂಟೆ ಕಳೆಯುವವರೆಗೆ ಇನ್ನೊಬ್ಬರ ಮೈ ಸೋಕಿಸಬಾರದು.

ಕಬಡ್ಡಿಯಲ್ಲಿ ಪಾದದ ಗಂಟು ಮತ್ತು ತಲೆ. ಗಂಟು ಉಳುಕಿದವರನ್ನೆಲ್ಲ ಎಕ್ಸ್‌ರೇಗೆ ಕಳಿಸದೆ ಎಕ್ಸ್‌ರೇ ಬೇಕೇ ಬೇಡವೇ ತಿಳಿಸುವ ಒಟ್ಟಾವ ನಿಯಮ ಬಳಸಿ: ಒಳ ಅಥವಾ ಹೊರ ಗಂಟಿನ ಹಿಂಬದಿಯ ಕೊನೆಯ 6 ಸೆಂ.ಮೀ. ಎಲುಬು ಒತ್ತಿದರೆ ನೋವೇ? ನಾಲ್ಕು ಹೆಜ್ಜೆ ಇಡಲು ಬರುತ್ತದೆಯೇ? ಪಾದದ ನಡುವೆ ನೋವಿದ್ದರೆ ಕಿರುಬೆರಳಿನ ಬದಿಯ ಎಲುಬಿನ ಬುಡ ಮತ್ತು ಒಳಬದಿಯ ನ್ಯಾವಿಕ್ಯುಲರ್ ಎಲುಬು ಒತ್ತಿ ನೋಡಿ. ತಲೆಪೆಟ್ಟನ್ನು ಅಳೆಯಲು ಎಸ್‌ಸಿಎಟಿ6 ಎಂಬ ಪರೀಕ್ಷಾ ಪಟ್ಟಿ ಇದೆ. 13 ವರ್ಷ ಮೇಲ್ಪಟ್ಟವರಿಗೆ, 10–15 ನಿಮಿಷ ಬೇಕು. ಅದರಲ್ಲಿ ನೆನಪು ಸರಿಯಿದೆಯೇ ನೋಡುವ ಮ್ಯಾಡಾಕ್ಸ್ ಪ್ರಶ್ನೆಗಳನ್ನು ಅಂಕಣದ ಪಕ್ಕ ನಮ್ಮ ಮಾತಿನಲ್ಲೇ ಕೇಳಬೇಕು: ‘ನಾವೀಗ ಯಾವ ಊರಿನ ಮೈದಾನದಲ್ಲಿದೀವಿ? ಇದು ಮೊದಲನೇ ಅರ್ಧನೋ ಎರಡನೇದೋ? ಕೊನೇ ಪಾಯಿಂಟ್ ಯಾರು ತಗೊಂಡ್ರು? ಹಿಂದಿನ ಮ್ಯಾಚ್ ಯಾರ ಜೊತೆ ಆಡಿದ್ರಿ? ಅದರಲ್ಲಿ ಗೆದ್ರಾ?’ ಉತ್ತರ ಸರಿಯಿದ್ದರೂ ಅನುಮಾನವಿದ್ದರೆ ಆ ದಿನ ಮತ್ತೆ ಅಂಕಣಕ್ಕೆ ಬಿಡಬಾರದು. ಫೈನಲ್ ಮ್ಯಾಚಾದರೂ ಬಿಡಬಾರದು. ಸಂಘಟಕರು ಸಿಟ್ಟಾಗುತ್ತಾರೆ, ಆಗಲಿ.

ಲಾಗ್‌ಬುಕ್ಕಿಗೆ ಹೆಸರು, ಮುಖ, ಜರ್ಸಿ ನಂಬರ್ ಹೋಗಕೂಡದು. ಹದಿನೆಂಟು ತುಂಬದವರಾದರೆ ಅಪ್ಪ ಅಮ್ಮನ ಒಪ್ಪಿಗೆ ಕನ್ನಡದಲ್ಲೇ ಬರೆಸಿ ಸಹಿ ಹಾಕಿಸಿ. ಕೋಚ್‌ನ ಸಹಿ ಅದಕ್ಕೆ ಬದಲಿಯಲ್ಲ.

ಬರವಣಿಗೆ, ಪ್ರಬಂಧ

ನಮ್ಮ ವೈದ್ಯಕೀಯ ಕಾಲೇಜುಗಳ ಪರೀಕ್ಷೆಯಲ್ಲಿ ಕಾರಣ, ಲಕ್ಷಣ, ಚಿಕಿತ್ಸೆ ಎಂದು ಸಾಲಾಗಿ ಬರೆದರೆ ಅಂಕ ಬರುತ್ತಿತ್ತು. ಈ ಕೋರ್ಸುಗಳಲ್ಲಿ ಬರುವುದಿಲ್ಲ. ಹಿಮ್ಮಡಿಯ ಅಕಿಲಿಸ್ ನೋವಿಗೆ 1998ರಲ್ಲಿ ಆಲ್ಫ್ರೆಡ್‌ಸನ್ ಕೊಟ್ಟ ವ್ಯಾಯಾಮ, ಅಂದರೆ 15ರಂತೆ ಮೂರು ಸುತ್ತು, ದಿನಕ್ಕೆರಡು ಸಲ, 12 ವಾರ, ಎಂದು ಬರೆದರೆ ಅದು ವಿವರಣೆ ಮಾತ್ರ. ಆ ಅಧ್ಯಯನದಲ್ಲಿದ್ದವರು ಎಂಥವರು, ಎಷ್ಟು ಜನ, ನಿಮ್ಮ ಮುಂದಿರುವ ಹತ್ತೊಂಬತ್ತರ ಕಬಡ್ಡಿ ಹುಡುಗ ಅಷ್ಟನ್ನು ಮಾಡಿದನೇ, ಬಿಟ್ಟಿದ್ದರೆ ಏಕೆ ಎಂದು ಬರೆದಾಗಲೇ ಅಂಕ. ಪಠ್ಯದಿಂದ ಸಾಲು ಎತ್ತಿ ಹಾಕಿದರೆ ನಕಲು ಪತ್ತೆಹಚ್ಚುವ ಟರ್ನಿಟಿನ್ ತಂತ್ರಾಂಶ ಹಿಡಿಯುತ್ತದೆ.

ಎಂಎಸ್‌ಸಿಯ ಕೊನೆಯ ಪ್ರಬಂಧಕ್ಕೆ ರೋಗಿಗಳ ಮೇಲೆ ಅಧ್ಯಯನ ಮಾಡುವ ಆಸೆ ಸಹಜ. ಅದಕ್ಕೆ ಅಲ್ಲಿನ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಜೊತೆ ಇಲ್ಲಿನ ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಆ ದಾರಿಯಿದೆ. ಸ್ವಂತ ಕ್ಲಿನಿಕ್ಕಿನವರು ಪ್ರಕಟಿತ ಅಧ್ಯಯನಗಳ ವ್ಯವಸ್ಥಿತ ವಿಮರ್ಶೆಯನ್ನು ಆರಿಸುವುದು ಜಾಣತನ.

ಕ್ಲಿನಿಕ್ಕಿನಲ್ಲಿ ನಾಳೆಯಿಂದಲೇ ಬದಲಾಗಬೇಕಾದ್ದು

ನಿಷೇಧಿತ ಔಷಧಗಳ ಪಾಠ ಬರುವವರೆಗೆ ಕಾಯಬೇಡಿ. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಅದರ ಆನ್‌ಲೈನ್ ಪಾಠ ಉಚಿತ. 2022ರಿಂದ ಸ್ಪರ್ಧೆಯ ವೇಳೆ ಸ್ಟೆರಾಯ್ಡ್ ಇಂಜೆಕ್ಷನ್ ಎಲ್ಲಿ ಚುಚ್ಚಿದರೂ ನಿಷಿದ್ಧ, ಕೀಲಿನೊಳಗೂ ಸೇರಿ. 2024ರಿಂದ ನೋವಿನ ಔಷಧ ಟ್ರಮಡಾಲ್ ಕೂಡ. ಟ್ರಯಾಮ್ಸಿನೋಲೋನ್ ಎಂಬ ಸ್ಟೆರಾಯ್ಡನ್ನು ಸ್ನಾಯುವಿಗೆ ಕೊಟ್ಟರೆ ಮೈಯಿಂದ ಹೋಗಲು 60 ದಿನ, ಕೀಲಿಗೆ ಕೊಟ್ಟರೆ 10 ದಿನ ಎಂದು ವಾಡಾ ಲೆಕ್ಕ ಹಾಕುತ್ತದೆ. ರಾಜ್ಯಮಟ್ಟಕ್ಕೆ ಹೋಗುವ ಹುಡುಗನಿಗೆ ಭುಜನೋವೆಂದು ಸೊಂಟಕ್ಕೆ ಅದರದೊಂದು ಇಂಜೆಕ್ಷನ್ ಹಾಕಿ ಕಳಿಸಿದರೆ ಎರಡು ತಿಂಗಳ ತನಕ ಅವನ ಮೂತ್ರದಲ್ಲಿ ಸಿಗಬಹುದು. ಚೀಟಿ ಬರೆಯುವ ಮೊದಲು ‘ಯಾವ ಮ್ಯಾಚ್, ಯಾವ ತಾರೀಖು’ ಎಂದು ಕೇಳಿ. ಔಷಧದ ಹೆಸರು, ಪ್ರಮಾಣ, ಚುಚ್ಚಿದ ಜಾಗ, ದಿನಾಂಕ ನಾಲ್ಕನ್ನೂ ಬರೆದು ಒಂದು ಪ್ರತಿ ಅವನಿಗೆ ಕೊಡಿ, ಇನ್ನೊಂದು ನಿಮ್ಮ ಫೈಲಿನಲ್ಲಿಡಿ.