ಹಳೆಯ ಎಕ್ಸ್‌ಪಿಯನ್ನು ಹೊಸ ಲ್ಯಾಪ್‌ಟಾಪಿಗೆ ಸಾಗಿಸಿದ್ದು

ಶಿರಸಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯ. ಮದುವೆ ಕರೆಯೋಲೆ, ತಾಳಮದ್ದಲೆಯ ಹ್ಯಾಂಡ್‌ಬಿಲ್, ದೇವಸ್ಥಾನಗಳ ಸ್ಮರಣ ಸಂಚಿಕೆ ಇವೇ ಹೆಚ್ಚು. ಇಪ್ಪತ್ತು ವರ್ಷಗಳಲ್ಲಿ ಮಾಡಿದ ಪುಟಗಳೆಲ್ಲ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿವೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಯುನಿಕೋಡ್ ಅದಕ್ಕೆ ಗೊತ್ತಿಲ್ಲ. ಆ ಕಾಲದ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿಕೊಂಡಂಥವು. ಆ ಫಾಂಟ್ ಇಲ್ಲದ ಕಡೆ ಪುಟ ತೆರೆದರೆ ಬರೀ ಗೊಜಲು. ಪೇಜ್‌ಮೇಕರ್, ಫಾಂಟ್, ಟೈಪಿಂಗ್ ತಂತ್ರಾಂಶ, ವಿಂಡೋಸ್ ಎಕ್ಸ್‌ಪಿ ನಾಲ್ಕೂ ಒಟ್ಟಿಗಿದ್ದರೆ ಮಾತ್ರ ನಮ್ಮ ಹಳೆಯ ಕೆಲಸ ಕಣ್ಣಿಗೆ ಕಾಣುತ್ತದೆ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. ಆ ವರ್ಷವೇ ನಾನು ಕಂಪ್ಯೂಟರಿಗೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಹಾಕಿ, ಅದರೊಳಗೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮಷೀನ್) ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿಯನ್ನು ಕೂರಿಸಿದೆ. ಇಂಟರ್ನೆಟ್ ಸಂಪರ್ಕ ಕೊಡಲಿಲ್ಲ. ಫೈಲುಗಳ ಓಡಾಟಕ್ಕೆ ಎರಡೂ ಕಡೆ ಕಾಣುವ ಶೇರ್ಡ್ ಫೋಲ್ಡರ್ ಸಾಕಿತ್ತು. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ.

2023ರ ಮಳೆಗಾಲದಲ್ಲಿ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿತು. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಏಳುವುದು ನಿಧಾನವಾಯಿತು. ಹೊಸ ಲ್ಯಾಪ್‌ಟಾಪ್ ತಂದೆ. ವರ್ಚುವಲ್ ಮಷೀನಿನ ಡಿಸ್ಕ್ ಅಂದರೆ ಒಂದು ವಿಡಿಐ ಫೈಲ್ ತಾನೇ, ಅದನ್ನು ಎತ್ತಿ ಈಚೆ ಇಟ್ಟರಾಯಿತು ಅಂದುಕೊಂಡೆ. 64 ಜಿಬಿಯ ಪೆನ್‌ಡ್ರೈವ್ ಚುಚ್ಚಿದರೆ, ಫೈಲ್ ದೊಡ್ಡದಾಯಿತು ಎಂದು ಕಾಪಿ ನಿಂತಿತು. ಜಾಗ ಬೇಕಾದಷ್ಟಿತ್ತು. ಆದರೆ ಪೆನ್‌ಡ್ರೈವ್ ಫ್ಯಾಟ್32 ಮಾದರಿಯದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ 18 ಜಿಬಿಯ ಫೈಲ್ ಹೋಯಿತು.

ಲ್ಯಾಪ್‌ಟಾಪಿನಲ್ಲಿ ಹೊಸ ಮಷೀನ್ ಮಾಡಿ ಆ ಡಿಸ್ಕ್ ಜೋಡಿಸಿದೆ. ಎಕ್ಸ್‌ಪಿ ಚೆನ್ನಾಗಿಯೇ ಎದ್ದಿತು. ಕೆಲಸದ ಫೋಲ್ಡರ್ ತೆರೆದಾಗ ಎದೆ ಧಸಕ್ಕೆಂದಿತು. 2019ರ ಮಾರ್ಚ್‌ವರೆಗಿನ ಕೆಲಸ ಇದೆ, ಆಮೇಲಿನದು ಒಂದೂ ಇಲ್ಲ. ನಾಲ್ಕು ವರ್ಷದ ಕರೆಯೋಲೆ, ಸಂಚಿಕೆ ಯಾವುದೂ ಇಲ್ಲ.

ಅರ್ಥವಾಗಲು ಒಂದು ಸಂಜೆ ಹಿಡಿಯಿತು. 2019ರಲ್ಲಿ ಹೊಸ ಪ್ರಿಂಟರಿನ ಡ್ರೈವರ್ ಹಾಕುವ ಮುಂಚೆ ಹೆಚ್ಚುಕಡಿಮೆಯಾದರೆ ಹಿಂದಕ್ಕೆ ಬರಲು ಇರಲಿ ಎಂದು ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದೆ. ತೆಗೆದಿದ್ದೇ ಮರೆತುಹೋಗಿತ್ತು. ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಿಂದ ವರ್ಚುವಲ್‌ಬಾಕ್ಸ್ ಮೂಲ ವಿಡಿಐಯನ್ನು ಮುಟ್ಟುವುದಿಲ್ಲ. ಆಮೇಲೆ ಬರೆಯುವುದೆಲ್ಲ ಸ್ನ್ಯಾಪ್‌ಶಾಟ್ಸ್ ಎಂಬ ಒಳಗಿನ ಫೋಲ್ಡರಿನಲ್ಲಿ, ಉದ್ದನೆಯ ಸಂಖ್ಯೆಯೇ ಹೆಸರಾಗಿರುವ ಇನ್ನೊಂದು ವಿಡಿಐಗೆ ಹೋಗುತ್ತದೆ. ಎರಡೂ ಸೇರಿದರೆ ಇವತ್ತಿನ ಡಿಸ್ಕ್. ನಾನು ಹೊತ್ತು ತಂದದ್ದು ಅಡಿಯ ಪದರವನ್ನು ಮಾತ್ರ. ಹಳೆಯ ಕಂಪ್ಯೂಟರಿನಲ್ಲಿ ನೋಡಿದರೆ ಆ ಒಳಫೋಲ್ಡರ್ 11 ಜಿಬಿ ಇತ್ತು. ಸ್ನ್ಯಾಪ್‌ಶಾಟ್ ಇದ್ದರೆ ಬ್ಯಾಕಪ್ ಇದ್ದಂತೆ ಎಂದು ನಂಬಿದವರು ನಮ್ಮ ಕಸುಬಿನಲ್ಲಿ ಬಹಳ ಜನ. ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನ ಮೇಲೆ. ಡಿಸ್ಕ್ ಹೋದರೆ ಅದೂ ಹೋಯಿತು.

ಎರಡೂ ಪದರ ಬೆಸೆಯಬೇಕೆಂದರೆ ಸ್ನ್ಯಾಪ್‌ಶಾಟನ್ನು ಅಳಿಸಬೇಕು. ಆ ಆಜ್ಞೆಯ ಹೆಸರು 'ಅಳಿಸು' ಎಂದಿದ್ದರೂ ಆಗುವುದು ಬೆಸುಗೆ. ಅಲ್ಲೇ ಮಾಡಿಬಿಡೋಣ ಎಂದು ಮೌಸ್ ಹತ್ತಿರ ಕೈ ಹೋಗಿತ್ತು, ತಡೆದೆ. ಬೆಸೆಯುವಾಗ ಗಿಗಾಬೈಟ್‌ಗಟ್ಟಲೆ ಹೊಸದಾಗಿ ಬರೆಯಬೇಕಾಗುತ್ತದೆ. ಸಾಯುತ್ತಿರುವ ಡಿಸ್ಕಿನಿಂದ ಓದಿಸಬಹುದು, ಅದರ ಮೇಲೆ ಬರೆಸಬಾರದು. ಮೊದಲು ಇದ್ದದ್ದು ಇದ್ದ ಹಾಗೆ ಈಚೆ ಬರಲಿ, ಬೆಸುಗೆ ಇಲ್ಲಿ ಮಾಡೋಣ ಎಂದು ತೀರ್ಮಾನಿಸಿದೆ.

ಇನ್ನೊಂದು ಅಭ್ಯಾಸವನ್ನೂ ಬಿಡಬೇಕಾಯಿತು. ಸಂಜೆ ಅಂಗಡಿ ಮುಚ್ಚುವಾಗ ನಾನು ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡುತ್ತಿರಲಿಲ್ಲ, ಇದ್ದ ಸ್ಥಿತಿಯಲ್ಲೇ ಸೇವ್ ಮಾಡಿ ಹೋಗುತ್ತಿದ್ದೆ. ಹಾಗೆ ಉಳಿಸಿದ ಸ್ಥಿತಿಯಲ್ಲಿ ಆ ಪ್ರೊಸೆಸರಿನ, ಆ ವರ್ಚುವಲ್‌ಬಾಕ್ಸ್ ಆವೃತ್ತಿಯ ಗುರುತುಗಳಿರುತ್ತವೆ. ಬೇರೆ ಯಂತ್ರದಲ್ಲಿ ಏಳುತ್ತದೆಂಬ ಭರವಸೆಯಿಲ್ಲ. ಎಕ್ಸ್‌ಪಿಯ ಸ್ಟಾರ್ಟ್ ಗುಂಡಿಯಿಂದಲೇ ಪೂರ್ತಿ ಮುಚ್ಚಿದೆ. ವರ್ಚುವಲ್‌ಬಾಕ್ಸನ್ನೂ ಮುಚ್ಚಿ, ಮಷೀನಿನ ಇಡೀ ಫೋಲ್ಡರನ್ನು, ಅಂದರೆ ವಿಬಾಕ್ಸ್ ಎಂಬ ಸೆಟ್ಟಿಂಗ್ ಫೈಲು, ಮೂಲ ಡಿಸ್ಕು, ಸ್ನ್ಯಾಪ್‌ಶಾಟ್ಸ್ ಫೋಲ್ಡರು ಎಲ್ಲವನ್ನೂ ಆರ್‌ಸಿಂಕ್ ಎಂಬ ಕಾಪಿ ಮಾಡುವ ಸಾಧನದಿಂದ ಹೊರಗಿನ ಡಿಸ್ಕಿಗೆ ಎಳೆದೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಬೇರೆಯಾಗುವ ಶಾ-256 ಮೊತ್ತವನ್ನು ಎರಡೂ ಕಡೆ ತೆಗೆದು ತಾಳೆ ನೋಡಿದೆ. ಟಿಕ್ ಟಿಕ್ ಸದ್ದಿನ ನಡುವೆ ಇದಕ್ಕೆ ಎರಡೂವರೆ ಗಂಟೆ ಬೇಕಾಯಿತು. ಮೊತ್ತಗಳು ಅಕ್ಷರ ಬಿಡದೆ ಕೂಡಿದಾಗ ನಿಜಕ್ಕೂ ನಿರಾಳವಾಯಿತು.

ಲ್ಯಾಪ್‌ಟಾಪಿನಲ್ಲಿ ಮೊದಲು ಹಾಕಿದ ಮಷೀನನ್ನು ತೆಗೆದುಹಾಕಿ, ಹೊಸ ಫೋಲ್ಡರಿನ ಇನ್ನೊಂದು ನಕಲು ಮಾಡಿಕೊಂಡು ಅದರ ವಿಬಾಕ್ಸ್ ಫೈಲನ್ನು ಆ್ಯಡ್ ಮಾಡಿದೆ. ನಕಲು ಯಾಕೆಂದರೆ ಇಲ್ಲಿದ್ದದ್ದು ವರ್ಚುವಲ್‌ಬಾಕ್ಸಿನ 7.0 ಆವೃತ್ತಿ. ಅದು ಸೆಟ್ಟಿಂಗ್ ಫೈಲನ್ನು ತನ್ನ ಮಾದರಿಗೆ ಬದಲಿಸಿಕೊಂಡರೆ ಹಳೆಯ ಆವೃತ್ತಿ ಅದನ್ನು ಓದದು. ಶುರು ಮಾಡಿದರೆ, 2023ರವರೆಗಿನ ಕೆಲಸವೆಲ್ಲ ಇದ್ದ ಹಾಗೇ ಇರುವ ಎಕ್ಸ್‌ಪಿ. ಮಷೀನಿನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು), ಗುರುತಿನ ಸಂಖ್ಯೆ ಎಲ್ಲ ಹಳೆಯವೇ ಆಗಿದ್ದರಿಂದ ಎಕ್ಸ್‌ಪಿ ಮತ್ತೆ ಆ್ಯಕ್ಟಿವೇಶನ್ ಕೇಳಲಿಲ್ಲ. ಹೊಸ ಮಷೀನ್ ಮಾಡಿ ಡಿಸ್ಕ್ ಮಾತ್ರ ಜೋಡಿಸುವುದಕ್ಕಿಂತ ಫೋಲ್ಡರನ್ನೇ ತರುವುದು ಮೇಲು ಎನ್ನಲು ಇದೂ ಒಂದು ಕಾರಣ.

ಉಳಿದದ್ದು ಡಾಂಗಲ್. ನಮ್ಮ ಫಾಂಟ್ ತಂತ್ರಾಂಶಕ್ಕೆ ಯುಎಸ್‌ಬಿಗೆ ಚುಚ್ಚುವ ಬೀಗವೊಂದಿದೆ, ಅದು ಕಾಣದಿದ್ದರೆ ಟೈಪಿಂಗ್ ಇಲ್ಲ. ಲ್ಯಾಪ್‌ಟಾಪಿಗೆ ಚುಚ್ಚಿದರೆ ವರ್ಚುವಲ್‌ಬಾಕ್ಸಿನ ಯುಎಸ್‌ಬಿ ಪಟ್ಟಿಯೇ ಖಾಲಿ. ಲ್ಯಾಪ್‌ಟಾಪಿನಲ್ಲೂ ಲಿನಕ್ಸೇ, ಅದರಲ್ಲಿ ನಮ್ಮ ಖಾತೆ ವಿಬಾಕ್ಸ್‌ಯೂಸರ್ಸ್ ಎಂಬ ಗುಂಪಿನಲ್ಲಿ ಇರಬೇಕು. ಸೇರಿಸಿ, ಲಾಗೌಟ್ ಆಗಿ ಬಂದಮೇಲೆ ಬೀಗ ಕಂಡಿತು. ಲಾಗೌಟ್ ಮಾಡದೆ ಅರ್ಧ ದಿನ ಕೇಬಲ್ ಬದಲಿಸಿದ್ದೂ ಉಂಟು. ಶೇರ್ಡ್ ಫೋಲ್ಡರಿನ ದಾರಿ ಹಳೆಯ ಬಳಕೆದಾರರ ಹೆಸರಿನಲ್ಲಿತ್ತು, ಅದನ್ನೂ ತಿದ್ದಿದೆ.

ಒಂದು ವಾರ ಇದರಲ್ಲೇ ಕೆಲಸ ಮಾಡಿ, ಎಲ್ಲ ಸರಿ ಎಂದಮೇಲೆ ಸ್ನ್ಯಾಪ್‌ಶಾಟ್ ಅಳಿಸಿ ಪದರ ಬೆಸೆದೆ. ಎಕ್ಸ್‌ಪಿಯ ಒಳಗಿನ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಿಸಿ, ಹೊರಗಿನಿಂದ ವಿಡಿಐಯನ್ನು ಕಾಂಪ್ಯಾಕ್ಟ್ ಮಾಡಿದಾಗ ಅದು 15 ಜಿಬಿಗೆ ಇಳಿಯಿತು. ಇಡೀ ಮಷೀನನ್ನು ಓವಿಎ ಎಂಬ ಒಂದೇ ಫೈಲಿನ ಗಂಟಾಗಿ ಎಕ್ಸ್‌ಪೋರ್ಟ್ ಮಾಡಿದೆ. ಓವಿಎ ಒಳಗೆ ಸ್ನ್ಯಾಪ್‌ಶಾಟ್‌ಗಳು ಬರುವುದಿಲ್ಲ, ಆಗಿನ ಸ್ಥಿತಿ ಮಾತ್ರ. ನನಗೆ ಬೇಕಿದ್ದದ್ದೂ ಅಷ್ಟೇ. ಒಂದು ಪ್ರತಿಯನ್ನು ಹುಬ್ಬಳ್ಳಿಯ ತಂಗಿಯ ಮನೆಗೆ ಒಯ್ದು, ಅವಳ ವಿಂಡೋಸ್ ಕಂಪ್ಯೂಟರಿನಲ್ಲಿ, ಮ್ಯಾಕ್ ವಿಳಾಸ ಹಳೆಯದೇ ಇರಲಿ ಎಂಬ ಆಯ್ಕೆಯೊಂದಿಗೆ ಇಂಪೋರ್ಟ್ ಮಾಡಿ, ಪುಟ ತೆರೆದು ಒತ್ತಕ್ಷರಗಳು ಸರಿಯಿವೆಯೇ ಎಂದು ಓದಿ ನೋಡಿಯೇ ಬಂದೆ.

ಹೋದ ದೀಪಾವಳಿಗೆ ಹಳ್ಳಿಯೊಂದರ ದೇವಸ್ಥಾನದವರು ಫೋನ್ ಮಾಡಿದರು. "ಮಾಸ್ತರೇ, 2021ರಲ್ಲಿ ನೀವು ಮಾಡಿಕೊಟ್ಟಿದ್ದಿರಲ್ಲ ಸ್ಮರಣ ಸಂಚಿಕೆ, ಅದರ ಫೈಲು ಇನ್ನೂ ಉಂಟಾ?"

"ಉಂಟು. ಎಷ್ಟು ಪ್ರತಿ ಬೇಕು ಹೇಳಿ" ಎಂದೆ.