ರಾತ್ರಿ ಬೊಗಳುವ ಪಾಂಡುವನ್ನು ನಾನೇ ಎಬ್ಬಿಸಿದೆ

ರಾತ್ರಿ ಬೊಗಳುವ ನಾಯಿಯ ಕಡೆ ಗಮನ ಕೊಡಬೇಡಿ, ತಾನಾಗಿ ಸುಮ್ಮನಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದರ ಉಲ್ಟಾ ಮಾಡಿದೆ. ರಾತ್ರಿ ಒಂದು ಗಂಟೆ ಹೊತ್ತಿಗೆ, ನಮ್ಮ ನಾಯಿ ಪಾಂಡು ಬೊಗಳುವ ಮೊದಲೇ ನಾನೇ ಕೆಳಗೆ ಕರೆದುಕೊಂಡು ಹೋದೆ. ಟ್ರೇನರ್ ನಕ್ಕರು. ಅಕ್ಕ ಬೈದಳು. ನಾಯಿ ಸಾಕಿದ ಗೆಳೆಯರು "ಇನ್ನು ಜನ್ಮಪೂರ್ತಿ ನಿನ್ನನ್ನು ಅದೇ ಟೈಮಿಗೆ ಎಬ್ಬಿಸ್ತಾನೆ ನೋಡು" ಅಂದರು. ಈಗ ಹೆಚ್ಚುಕಡಿಮೆ ಒಂದು ವರ್ಷವಾಗುತ್ತಾ ಬಂತು. ಪಾಂಡು ಮಲಗುತ್ತಾನೆ, ಮನೆಯವರೂ ಮಲಗುತ್ತೇವೆ. ನಕ್ಕವರಲ್ಲಿ ಇಬ್ಬರು ಮೊನ್ನೆ ಫೋನ್ ಮಾಡಿ ಹೇಗೆ ಅಂತ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ.

ಮನೆ ಮುಂಬೈಯ ಮುಲುಂಡ್ ಪೂರ್ವದಲ್ಲಿ. ಒನ್ ಬಿಎಚ್‌ಕೆ, ಐದು ಜನ. ಭಾವ ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಕ್ಯಾಶ್ ನೋಡುತ್ತಾರೆ. ಶಟರ್ ಎಳೆದು, ಲೆಕ್ಕ ಮುಗಿಸಿ, ಸಿಎಸ್‌ಎಂಟಿ ಸ್ಟೇಷನ್ನಿನಿಂದ ಕೊನೆಯ ಲೋಕಲ್ ರೈಲುಗಳಲ್ಲಿ ಯಾವುದೋ ಒಂದನ್ನು ಹಿಡಿದು ಬರುವಾಗ ರಾತ್ರಿ ಒಂದು ದಾಟಿರುತ್ತದೆ. ಅಮ್ಮನಿಗೆ ಆಸ್ತಮಾ, ಬೆಳಗಿನ ಜಾವ ಕೆಮ್ಮು. ಅಕ್ಕನ ಮಗಳಿಗೆ ಆ ವರ್ಷ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ. ನನಗೆ ಮನೆಯಿಂದಲೇ ಕೆಲಸ, ರಾತ್ರಿ ತಡವಾಗುವವರೆಗೂ ಕಾಲ್‌ಗಳು. ಇದರ ಮೇಲೆ ಬಿಲ್ಡಿಂಗ್ ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟ್‌ಗೆ ಹೋಗುತ್ತದೋ ಇಲ್ಲವೋ ಅನ್ನುವ ಜಗಳ. ಇಂಥ ಮನೆಯಲ್ಲಿ ನಾಲ್ಕೈದು ವರ್ಷದ ಇಂಡಿ, ಅಂದರೆ ನಾಡು ನಾಯಿ. ಮರಿಯಾಗದ ಹಾಗೆ ಆಪರೇಷನ್ (ನ್ಯೂಟರ್) ಆಗಿದೆ. ಹಗಲಲ್ಲಿ ಬಂಗಾರ, ರಾತ್ರಿ ಬಾಗಿಲಿಂದ ಕಿಟಕಿ, ಕಿಟಕಿಯಿಂದ ಬಾಗಿಲು. ಏದುಸಿರು, ಬೊಗಳು, ಬಾಗಿಲು ಕೆರೆತ.

ಮೊದಲು ವೆಟ್, ಅಂದರೆ ಪ್ರಾಣಿಗಳ ಡಾಕ್ಟರ್. ಅದನ್ನು ಯಾರೂ ಬಿಡಬೇಡಿ. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್‌ಗೆ ರಕ್ತ ಪರೀಕ್ಷೆ ಆಯಿತು, ಎರಡು ಸಾವಿರದ ಹತ್ತಿರ ಖರ್ಚು, ಏನೂ ಇರಲಿಲ್ಲ. ಒಂದು ಕಿವಿಯಲ್ಲಿ ಮಳೆಗಾಲದ ಯೀಸ್ಟ್ ಸೋಂಕು ಇತ್ತು. ಡ್ರಾಪ್ಸ್ ಹಾಕಿದೆವು, ಕೆರೆತ ನಿಂತಿತು, ಬೊಗಳುವುದು ನಿಲ್ಲಲಿಲ್ಲ.

ಆಮೇಲೆ ದುಡ್ಡು ಹೋದ ಕಥೆ. ಟ್ರೇನರ್‌ಗೆ ಹತ್ತು ಹನ್ನೆರಡು ಸಾವಿರ. ಅವರು ಸಂಜೆ ಆರಕ್ಕೆ ಬಂದು ಸಿಟ್, ಸ್ಟೇ ಕಲಿಸಿದರು. ಪಾಂಡು ಎರಡನ್ನೂ ಚೆನ್ನಾಗಿ ಕಲಿತು ರಾತ್ರಿ ಬೊಗಳಿದ. ವೈಬ್ರೇಷನ್ ಕಾಲರ್ ಎರಡೂವರೆ ಸಾವಿರ. ಅದು ನಡುಗಿದ ಕೂಡಲೇ ಅಮ್ಮನ ಮಂಚದ ಕೆಳಗೆ ನುಗ್ಗಿ ಅಲ್ಲಿಂದಲೇ ಬೊಗಳಿದ. ಮಾರನೇ ದಿನ ನನ್ನ ಕೈ ಕಂಡರೂ ಹಿಂದೆ ಸರಿದ. ಎರಡನೇ ರಾತ್ರಿಗೇ ಅದು ಕಪಾಟು ಸೇರಿತು. ನಾಯಿಯನ್ನು ಸಮಾಧಾನ ಮಾಡುವ ವಾಸನೆ ಬಿಡುತ್ತದೆ ಅನ್ನುವ ಫೆರೊಮೋನ್ ಕಾಲರ್‌ಗೆ ತಿಂಗಳಿಗೆ ಎರಡು ಸಾವಿರದಷ್ಟು, ಎರಡು ತಿಂಗಳು. ಏನೂ ವ್ಯತ್ಯಾಸ ಕಾಣಲಿಲ್ಲ. ಅಮ್ಮ ಹೇಳಿದ ಅರಿಶಿನ ಹಾಲು ಪುಕ್ಕಟೆ. ಆದರೆ ರಾತ್ರಿ ಎರಡಕ್ಕೆ ನೆಲ ಒರೆಸಬೇಕಾಯಿತು.

ಎಲ್ಲಕ್ಕಿಂತ ಕೆಟ್ಟದ್ದು ಓಡಿಸುವ ಸಲಹೆ. ಸುಸ್ತಾದ ನಾಯಿ ಒಳ್ಳೇ ನಾಯಿ ಅಂತಾರಲ್ವಾ? ದಿನಾ ರಾತ್ರಿ ಎಂಟಕ್ಕೆ ಅವನ ಜೊತೆ ಓಡಿದೆ. ಒಂದು ತಿಂಗಳಲ್ಲಿ ಅವನು ಅಥ್ಲೀಟ್ ಆದ. ಮೊದಲು ಒಂದೂವರೆಗೆ ನಿಲ್ಲುತ್ತಿದ್ದವನು ಮೂರರವರೆಗೂ ಗಸ್ತು ತಿರುಗಲು ಶುರು ಮಾಡಿದ. ನನಗೆ ಮೊಣಕಾಲು ನೋವು ಬಂತು, ಅದು ಬೇರೆ ಖರ್ಚು.

ಒಂದು ದೀಪಾವಳಿಗೆ ಇನ್ಯಾರೋ ವೆಟ್ ಏಸ್‌ಪ್ರೊಮಜಿನ್ ಅನ್ನುವ ಮಂಪರು ಮಾತ್ರೆ ಕೊಟ್ಟಿದ್ದರು. ನಾಯಿ ಅಲ್ಲಾಡದೆ ಬಿದ್ದಿತ್ತು, ಕಿವಿ ಮಾತ್ರ ಪ್ರತಿ ಪಟಾಕಿಗೂ ತಿರುಗುತ್ತಿತ್ತು. ಆ ಮಾತ್ರೆ ಮೈಯನ್ನು ಮಲಗಿಸುತ್ತದೆ, ಹೆದರಿಕೆಯನ್ನು ಮಲಗಿಸುವುದಿಲ್ಲ. ಪಟಾಕಿಗೆ ಅದೊಂದನ್ನೇ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಮಾಮೂಲಿ ವೆಟ್ ಆತಂಕ ಇಳಿಸುವ ಫ್ಲುಆಕ್ಸೆಟಿನ್ ಮಾತ್ರೆ ಬಗ್ಗೆ ಮಾತಾಡಿದ್ದರು. ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ನಾನು ಅದನ್ನು ಬೇಡ ಅನ್ನಲಿಲ್ಲ, ಅಷ್ಟೇ ಟೈಮ್ ನನಗೂ ಕೊಡಿ ಅಂದೆ.

ದಾರಿ ತೋರಿಸಿದ್ದು ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೇ ಫೋನ್. ಪುಕ್ಕಟೆ ಸಿಗುವ ಕ್ಯಾಮೆರಾ ಆ್ಯಪ್ ಹಾಕಿ ಶೂ ಸ್ಟ್ಯಾಂಡ್ ಮೇಲೆ ಇಟ್ಟೆ. ಸುಮಾರು ಹತ್ತು ರಾತ್ರಿಯ ರೆಕಾರ್ಡಿಂಗ್ ನೋಡಿದೆ. ಸದ್ದು ಕೇಳಿ ಬೊಗಳುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಲ್ಲಿ ಕಂಡದ್ದು ಬೇರೆ. ಹನ್ನೊಂದರಿಂದ ಒಂದರವರೆಗೆ ಅವನು ನಿದ್ದೆಯನ್ನೇ ಮಾಡುವುದಿಲ್ಲ. ಬಾಗಿಲಿಗೆ ಮೂಗು ಹಚ್ಚಿ ಕೂತಿರುತ್ತಾನೆ. ಲಿಫ್ಟ್ ಸದ್ದಿಗೆ ಬೊಗಳು, ಭಾವ ಒಳಗೆ. ಇಲ್ಲಿಗೆ ಮುಗಿಯಬೇಕಿತ್ತು ತಾನೇ? ಆಗ ಅಡುಗೆಮನೆಯಲ್ಲಿ ಅಕ್ಕ ಭಾವ ದುಡ್ಡಿನ ಲೆಕ್ಕಕ್ಕೆ ಕೂರುತ್ತಿದ್ದರು. ಪಿಸುಮಾತಿನ ಜಗಳ. ನಮಗೆ ಅದು ಕೇಳಿಸುತ್ತಿರಲಿಲ್ಲ, ಪಾಂಡುವಿಗೆ ಕೇಳಿಸುತ್ತಿತ್ತು. ಅಲ್ಲಿಂದ ಗಸ್ತು ಶುರು. ಅಮ್ಮನ ಕೆಮ್ಮು, ನಾಲ್ಕು ಗಂಟೆಯ ನೀರಿನ ಪಂಪು, ಎಲ್ಲದಕ್ಕೂ ಬೊಗಳು. ಕೊನೆಯ ಮನುಷ್ಯ ಮನೆ ಸೇರುವವರೆಗೆ ಅವನ ಡ್ಯೂಟಿ ಮುಗಿಯುತ್ತಿರಲಿಲ್ಲ. ಸೇರಿದ ಮೇಲೆ ಡ್ಯೂಟಿ ಡಬಲ್ ಆಗುತ್ತಿತ್ತು.

ಹಾಗಾಗಿ ಅವನ ಡ್ಯೂಟಿಯನ್ನು ಕೆಳಗೆ ಸಾಗಿಸಿದೆ. ಭಾವ ಭಾಂಡುಪ್ ದಾಟುವಾಗ ಮಿಸ್ಡ್ ಕಾಲ್ ಕೊಡಬೇಕು. ನಾನು ಪಾಂಡುವಿಗೆ ಬೆಲ್ಟ್ ಹಾಕಿ, ಮೆಟ್ಟಿಲು ಇಳಿದು, ಗೇಟಿನ ಹೊರಗೆ ನಿಲ್ಲುತ್ತಿದ್ದೆ. ಭಾವ ಬಂದ ಮೇಲೆ ಮೂವರೂ ಗಲ್ಲಿಯಲ್ಲಿ ಒಂದು ಹದಿನೈದು ನಿಮಿಷ. ನಡಿಗೆ ಅನ್ನುವಂತಿಲ್ಲ, ಬರೀ ಮೂಸುವುದು. ಅವನು ಒಂದೇ ಕಂಬಕ್ಕೆ ಐದು ನಿಮಿಷ ತೆಗೆದುಕೊಂಡರೂ ಎಳೆಯಬಾರದು. ಮೇಲೆ ಬಂದು ಚಿಲಕ ಹಾಕಿ, ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಕೈಯಲ್ಲಿ ಹಿಡಿಯುವಷ್ಟು ಕಿಬಲ್ (ನಾಯಿಯ ಒಣ ತಿಂಡಿ) ಚೆಲ್ಲುವುದು. ಅದಕ್ಕೆ ಒಂದು ಪುಡಿ ಬೆರೆಸುತ್ತೇನೆ. ಏನು ಅಂತ ಹೇಳಲ್ಲ. ಉಪ್ಪಿಲ್ಲ, ಈರುಳ್ಳಿ ಇಲ್ಲ, ಹೋಟೆಲ್ ಅಡುಗೆಮನೆಯಲ್ಲಿ ಸಿಗುತ್ತದೆ, ಅಷ್ಟು ಸಾಕು. ಹುಡುಕಿ ತಿಂದು ಮುಗಿಸುವಾಗ ಅವನ ಕಣ್ಣು ಎಳೆಯುತ್ತಿರುತ್ತದೆ.

ಬೊಗಳಿದ ಮೇಲೆ ಕರೆದುಕೊಂಡು ಹೋದರೆ ಬೊಗಳಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ, ಒಪ್ಪುತ್ತೇನೆ. ಮೊದಲೇ ಹೋದರೆ ಬೊಗಳಲು ಕಾರಣವೇ ಇರುವುದಿಲ್ಲ. ಟ್ರೇನರ್ ಜೊತೆ ಈ ವಾದ ಇನ್ನೂ ಮುಗಿದಿಲ್ಲ.

ಮಲಗುವ ಜಾಗವನ್ನೂ ಬದಲಿಸಿದೆ. ಬಾಗಿಲ ಹತ್ತಿರದ ಹಾಸಿಗೆ ಎತ್ತಿ, ಅಮ್ಮನ ಮಂಚ ಮತ್ತು ಗೋಡೆಯ ನಡುವೆ ಅಮ್ಮನದೇ ಹಳೇ ಸೀರೆಗಳನ್ನು ಹಾಸಿದೆ, ಒಗೆಯದೆ. ಬೇರೆ ಸದ್ದುಗಳನ್ನು ಮುಚ್ಚಲಿ ಅಂತ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ರಾತ್ರಿಯಿಡೀ ಓಡಿತು. ಅಭ್ಯಾಸವಾಗಲಿ ಅಂತ ಪಂಪಿನ ಸದ್ದನ್ನು ಫೋನಿನಲ್ಲಿ ಹಿಡಿದು, ಹಗಲು ಊಟದ ಹೊತ್ತಿಗೆ ತೀರಾ ಸಣ್ಣಗೆ ಹಾಕಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿದೆ.

ಕಷ್ಟದ ಕೆಲಸ ಅಕ್ಕ ಭಾವನ ಲೆಕ್ಕವನ್ನು ರಾತ್ರಿಯಿಂದ ಎಬ್ಬಿಸುವುದಾಗಿತ್ತು. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ನಾಯಿಗಳ ಮತ್ತು ಅವುಗಳ ಮಾಲೀಕರ ಕೂದಲಿನಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸೋಲ್ ಅಳೆದಿದ್ದರು. ಮಾಲೀಕರ ಒತ್ತಡ ಹೆಚ್ಚಿದ್ದಲ್ಲಿ ನಾಯಿಯದೂ ಹೆಚ್ಚಿತ್ತು. ಅಕ್ಕನಿಗೆ ಓದಿ ಹೇಳಿದೆ. "ಹಾಗಾದ್ರೆ ಮೊದಲು ನನ್ನ ಕೂದಲು ತಗೊಂಡು ಹೋಗು" ಅಂದಳು. ಕೊನೆಗೆ ಒಂದು ಒಪ್ಪಂದ ಆಯಿತು. ಭಾವನ ರಜೆಯ ದಿನ ಮಧ್ಯಾಹ್ನ ಲೆಕ್ಕ, ಅದೂ ಪಾಂಡುವನ್ನು ನಾನು ಹೊರಗೆ ಕರೆದುಕೊಂಡು ಹೋದಾಗ. ತಡೆಯಲಾಗದಿದ್ದರೆ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ. ಮಳೆಗಾಲದಲ್ಲಿ ಅಲ್ಲಿ ನಿಂತು ಜಗಳ ಆಡುವುದು ಕಷ್ಟ, ಸೊಳ್ಳೆ. ಹಾಗಾಗಿ ಬೇಗ ಮುಗಿಯುತ್ತಿತ್ತು.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಮನುಷ್ಯರಿಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುವ ಅಲ್ಟ್ರಾಸೋನಿಕ್ ಪ್ಲಗ್ ಅಡುಗೆಮನೆಯಲ್ಲಿತ್ತು. ನಮ್ಮ ಕಿವಿ 20 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ, ನಾಯಿಯದು 40ನ್ನೂ ದಾಟುತ್ತದೆ. ಕಿತ್ತು ಹಾಕಿದೆ. ಏದುಸಿರು ಸ್ವಲ್ಪ ಕಡಿಮೆಯಾದ ಹಾಗೆ ಕಂಡಿತು. ಇಲಿಗಳಿಗೆ ಅದು ಇದ್ದಾಗಲೂ ಏನೂ ಆಗಿರಲಿಲ್ಲ. ಎಕ್ಸಾಸ್ಟ್ ಫ್ಯಾನಿಗೆ ಬದಲು ತಂಬೂರಿ ಆ್ಯಪ್ ಹಾಕಿದೆ. ಪಾಂಡು ಮಲಗಿದ, ಅಮ್ಮನಿಗೆ ನಿದ್ದೆ ಬರಲಿಲ್ಲ. ಅಮ್ಮನಿಗಾಗಿ ಯಕ್ಷಗಾನ ಹಾಕಿದೆ. ಚೆಂಡೆ ಶುರುವಾದ ಕೂಡಲೇ ಪಾಂಡು ಭಾಗವತರ ಜೊತೆ ದನಿ ಸೇರಿಸಿದ. ಮೇಲಿನ ಮನೆಯವರು ಆ ರಾತ್ರಿ ಬಾಗಿಲು ತಟ್ಟಿದರು.

ಬಿಲ್ಡಿಂಗ್ ಸೊಸೈಟಿಯಿಂದ ನೋಟಿಸ್ ಅದಕ್ಕೂ ಮೊದಲೇ ಬಂದಿತ್ತು, ನಾಯಿ ತೆಗೆಯಿರಿ ಅಂತ. 2015ರ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯ ಪ್ರಿಂಟ್ ನನ್ನ ಹತ್ತಿರ ಇತ್ತು. ಬಹುಮತ ಇದ್ದರೂ ಸೊಸೈಟಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಅಂತ ಅದರಲ್ಲಿದೆ. ಅದೇ ಕಾಗದದಲ್ಲಿ, ರಾತ್ರಿ ಹೊತ್ತು ನಾಯಿ ಗಲಾಟೆ ಮಾಡದಂತೆ ಸಾಕಿದವರು ಎಲ್ಲ ಪ್ರಯತ್ನ ಮಾಡಬೇಕು ಅಂತಲೂ ಇದೆ. ಮೊದಲನೆಯದನ್ನು ಹಿಡಿದು ಜಗಳಕ್ಕೆ ನಿಂತವರಿಗೆ ಸೊಸೈಟಿಯವರು ಎರಡನೆಯದನ್ನು ಓದಿ ತೋರಿಸುತ್ತಾರೆ. ನಾನು ಎರಡು ತಿಂಗಳ ಟೈಮ್ ಕೇಳಿದೆ. ಕೆಳಗಿನ ಮನೆಯವರಿಗೆ ಭಾವನ ಹೋಟೆಲಿನ ಮೈಸೂರ್‌ಪಾಕ್ ಒಂದೆರಡು ಸಲ ಹೋಯಿತು.

ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರ ಇನ್ನೂ ಜಾಸ್ತಿಯಾಯಿತು, ಹನ್ನೆರಡೂವರೆಯಿಂದಲೇ ಬೆಲ್ಟ್ ಹತ್ತಿರ ನಿಂತು ಕುಣಿಯುತ್ತಿದ್ದ. ಗೆಳೆಯರ ಮಾತು ನಿಜವಾಗುತ್ತಿದೆ ಅಂತ ಅಕ್ಕ ಹೇಳಿದಳು. ಬೆಲ್ಟನ್ನು ಕಪಾಟಿನೊಳಗೆ ಇಟ್ಟೆ, ಮಿಸ್ಡ್ ಕಾಲ್ ಬಂದ ಮೇಲಷ್ಟೇ ತೆಗೆದೆ. ಮೂರು ನಾಲ್ಕು ವಾರ ಕಳೆದ ಮೇಲೆ ಒಂದು ರಾತ್ರಿ ನಾನೇ ಎಬ್ಬಿಸಬೇಕಾಯಿತು, ಗೊರಕೆ ಹೊಡೆಯುತ್ತಿದ್ದ. ಆಮೇಲೆ ಗೇಟಿನವರೆಗೆ ಹೋಗುವುದನ್ನು ಲಿಫ್ಟಿನವರೆಗೆ ಇಳಿಸಿದೆ, ಅಲ್ಲಿಂದ ಬಾಗಿಲಿಗೆ. ಇಳಿಸುವುದು ಯಾವಾಗ ಅಂತ ಗೊತ್ತು ಮಾಡಲು ನನ್ನದೊಂದು ಗುರುತಿದೆ, ಅದು ನಾಯಿಯಿಂದ ನಾಯಿಗೆ ಬೇರೆ. ನಿಮ್ಮದನ್ನು ನೀವೇ ನೋಡಿಕೊಳ್ಳಬೇಕು. ಈಗ ಭಾವನೇ ಬಂದು ಬಟ್ಟೆ ಮೇಲೆ ಒಂದು ಮುಷ್ಟಿ ಚೆಲ್ಲಿ ಮಲಗುತ್ತಾರೆ, ನಾನು ಏಳುವುದಿಲ್ಲ.

ಪೂರ್ತಿ ಸರಿಹೋಗಿಲ್ಲ. ಭಾದ್ರಪದದಲ್ಲಿ ಗಲ್ಲಿ ನಾಯಿಗಳು ಗುಂಪು ಕಟ್ಟಿದಾಗ ಇವನೂ ಕಿಟಕಿಗೆ ಹೋಗುತ್ತಾನೆ. ಪಂಪು ಕೆಟ್ಟು ಸದ್ದು ಬದಲಾದಾಗ ಎರಡು ರಾತ್ರಿ ಕೂಗಿದ. ಪಟಾಕಿಗೆ ಈ ವಿಧಾನ ಸಾಲದು. ಅದಕ್ಕೆ ದೀಪಾವಳಿಗೆ ಮೊದಲೇ ವೆಟ್ ಹತ್ತಿರ ಹೆದರಿಕೆ ಇಳಿಸುವ ಟ್ರಾಜೊಡೋನ್ ಮಾತ್ರೆಯ ಡೋಸ್ ಕೇಳಿ, ಒಂದು ಮಾಮೂಲಿ ದಿನ ಕೊಟ್ಟು ನೋಡಿ ಇಟ್ಟುಕೊಳ್ಳುತ್ತೇನೆ. ವಯಸ್ಸಾದ ನಾಯಿ ಇದ್ದಕ್ಕಿದ್ದ ಹಾಗೆ ರಾತ್ರಿ ಅಲೆಯಲು ಶುರು ಮಾಡಿದರೆ ನಾನು ಬರೆದದ್ದನ್ನು ಬದಿಗಿಡಿ. ಅದು ನೋವೋ, ಮರೆವಿನ ಕಾಯಿಲೆಯೋ ಇರಬಹುದು. ಅಂಥದ್ದಕ್ಕೆ ಗಲ್ಲಿಯ ಕಂಬ ಮೂಸಿಸಿ ಪ್ರಯೋಜನವಿಲ್ಲ.

ಲೆಕ್ಕ ಕೇಳುವವರಿಗೆ: ಕೆಲಸಕ್ಕೆ ಬಾರದ್ದಕ್ಕೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಕೆಲಸ ಮಾಡಿದ್ದಕ್ಕೆ ಎಕ್ಸಾಸ್ಟ್ ಫ್ಯಾನಿನ ಕರೆಂಟ್, ಕಿಬಲ್, ಮೈಸೂರ್‌ಪಾಕ್. ವೈಬ್ರೇಷನ್ ಕಾಲರ್ ಮಾರಲು ನೋಡಿದೆ, ಕೊಳ್ಳಲು ಬಂದವನಿಗೆ ನಾನೇ ಬೇಡ ಅಂತ ಹೇಳಿ ಕಳಿಸಿದೆ.