ಕ್ಲಾಸಿನ ಗೋಡೆಗೆ ಹತ್ತು ಆಜ್ಞೆಗಳ ಪೋಸ್ಟರ್ ಬಂದರೆ: ಟೆಕ್ಸಸ್‌ನ ಕನ್ನಡ ಅಪ್ಪ ಅಮ್ಮಂದಿರಿಗೆ

ಟೆಕ್ಸಸ್‌ನಲ್ಲಿ 2025ರ ಸೆಪ್ಟೆಂಬರ್ 1ರಂದು ಎಸ್‌ಬಿ 10 ಅನ್ನುವ ಕಾನೂನು ಜಾರಿಗೆ ಬಂತು. ಪ್ರತಿ ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಬೈಬಲಿನ ಹತ್ತು ಆಜ್ಞೆಗಳ ಪೋಸ್ಟರ್ ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಬೇಕು ಅನ್ನುತ್ತದೆ ಅದು. ಅಳತೆಯೂ ಕಾನೂನಿನಲ್ಲೇ ಇದೆ: ಕಮ್ಮಿ ಅಂದರೂ 16 ಇಂಚು ಅಗಲ, 20 ಇಂಚು ಎತ್ತರ. ಯಾರಾದರೂ ದಾನ ಕೊಟ್ಟರೆ ಶಾಲೆ ತೆಗೆದುಕೊಂಡು ಹಾಕಬೇಕು. ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಮನಸ್ಸು ಮಾಡಿದರೆ ತನ್ನ ದುಡ್ಡಿನಲ್ಲೂ ತರಬಹುದು.

ನಾನಿರುವುದು ಡಾಲಸ್‌ನ ಉತ್ತರಕ್ಕಿರುವ ಒಂದು ಊರಿನಲ್ಲಿ. ಹುಟ್ಟಿ ಬೆಳೆದದ್ದು ಹಾಸನದ ಹತ್ತಿರ. ಮಗಳು ಮೂರನೇ ಕ್ಲಾಸು, ಮಗ ಏಳನೇ ಕ್ಲಾಸು. ನಮ್ಮ ಕನ್ನಡ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಎರಡು ಮಾತು ಪದೇ ಪದೇ ಬರುತ್ತವೆ. "ಅದ್ರಲ್ಲೇನಿದೆ, ಕಳ್ಳತನ ಮಾಡ್ಬೇಡ, ಸುಳ್ಳು ಹೇಳ್ಬೇಡ ಅಂತ ತಾನೇ ಇರೋದು" ಅನ್ನುವುದು ಒಂದು. "ಹಾಗಾದ್ರೆ ಪಕ್ಕದಲ್ಲಿ ನಮ್ಮ ಸರಸ್ವತಿ ಫೋಟೋನೂ ಹಾಕ್ಲಿ" ಅನ್ನುವುದು ಇನ್ನೊಂದು. ನನಗೆ ಎರಡೂ ಸರಿ ಕಾಣುವುದಿಲ್ಲ. ನಾವು ಕೇಳಬೇಕಾದ್ದು ಯಾವ ದೇವರ ಮಾತೂ ಇಲ್ಲದ ಗೋಡೆ. ಅದನ್ನು ಯಾರ ಹತ್ತಿರ, ಹೇಗೆ ಕೇಳಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಪೋಸ್ಟರನ್ನು ಪೂರ್ತಿ ಓದಿ

ಕಳ್ಳತನ, ಸುಳ್ಳು ಎಲ್ಲ ಕೆಳಗಿನ ಸಾಲುಗಳು. ಮೇಲಿನ ಸಾಲು ಬೇರೆಯೇ ಇದೆ. "ನಾನೇ ನಿನ್ನ ದೇವರು, ನನ್ನ ಮುಂದೆ ನಿನಗೆ ಬೇರೆ ದೇವರು ಇರಬಾರದು" ಅಂತ ಶುರುವಾಗುತ್ತದೆ. ಅದರ ಹಿಂದೆಯೇ "ಕೆತ್ತಿದ ವಿಗ್ರಹ ಮಾಡಿಕೊಳ್ಳಬಾರದು" ಅಂತ ಬರುತ್ತದೆ. ನನ್ನ ಮಗಳು ಗೌರಿ ಗಣೇಶ ಹಬ್ಬಕ್ಕೆ ಅಜ್ಜಿ ಜೊತೆ ಕೂತು ಮಣ್ಣಿನ ಗಣಪನಿಗೆ ಕಣ್ಣು ಬರೆಯುತ್ತಾಳೆ. ಮಾರನೇ ದಿನ ಗಣಿತದ ಪಾಠ ಕೇಳುತ್ತಾ ಅದು ತಪ್ಪು ಅನ್ನುವ ಸಾಲನ್ನು ಅವಳು ಓದಬೇಕಾ? ಓದು ಬಂದ ಮಗು ಗೋಡೆ ಮೇಲೆ ಇದ್ದದ್ದನ್ನೆಲ್ಲ ಓದುತ್ತದೆ. ವ್ಯಭಿಚಾರದ ಸಾಲನ್ನೂ ಓದಿ, ಹಾಗಂದ್ರೆ ಏನು ಅಂತ ಕೇಳುತ್ತದೆ.

ಇನ್ನೊಂದು ವಿಷಯ ನಮ್ಮವರಿಗೆ ಜಾಸ್ತಿ ಗೊತ್ತಿಲ್ಲ. ಯಹೂದಿಗಳು, ಕ್ಯಾಥೊಲಿಕರು, ಪ್ರಾಟೆಸ್ಟಂಟರು ಈ ಆಜ್ಞೆಗಳನ್ನು ಒಂದೇ ರೀತಿ ಹೇಳುವುದಿಲ್ಲ, ಒಂದೇ ರೀತಿ ಎಣಿಸುವುದೂ ಇಲ್ಲ. ಕಾನೂನು ಆರಿಸಿಕೊಂಡಿರುವುದು ಪ್ರಾಟೆಸ್ಟಂಟರ ಬೈಬಲಿಗೆ ಹತ್ತಿರದ ಪಾಠ. ಅದಕ್ಕೇ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತರೂ ಯಹೂದಿಗಳೂ ಇದ್ದಾರೆ. ಹಿಂದೂ ಕುಟುಂಬವೂ ಇದೆ, ಯಾವ ಧರ್ಮವನ್ನೂ ನಂಬದವರೂ ಇದ್ದಾರೆ. ಹಾಗಾಗಿ ನೀವು ಮಾತಾಡಿದರೆ ಅದು ಕ್ರೈಸ್ತರ ವಿರುದ್ಧದ ಮಾತಾಗುವುದಿಲ್ಲ. ನೆರೆಯವರ ಹತ್ತಿರ ಇದನ್ನು ಧೈರ್ಯವಾಗಿ ಹೇಳಿ.

ಯಾರು ಹಾಕಿದ್ದು ಅಂತ ಕೇಳಿ

ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 1791ರದ್ದು. ಸರ್ಕಾರ ಯಾವ ಧರ್ಮವನ್ನೂ ತನ್ನದು ಅಂತ ನಿಲ್ಲಿಸಬಾರದು, ಯಾರ ಧರ್ಮಾಚರಣೆಗೂ ಅಡ್ಡ ಬರಬಾರದು. ಎರಡೂ ಒಂದೇ ವಾಕ್ಯದಲ್ಲಿವೆ. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಅನ್ನುವ ಮಾತು ಆಗಿನ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದ್ದು. ಸರ್ಕಾರಿ ಶಾಲೆ ಅಂದರೆ ಸರ್ಕಾರವೇ. ಪ್ರಿನ್ಸಿಪಾಲರೂ ಟೀಚರೂ ಕೆಲಸದ ಹೊತ್ತಿನಲ್ಲಿ ಸರ್ಕಾರದ ಪರವಾಗಿ ನಿಂತಿರುತ್ತಾರೆ. ಮಕ್ಕಳು ಹಾಗಲ್ಲ.

ಆದ್ದರಿಂದ ಏನೇ ಕಂಡರೂ ಮೊದಲ ಪ್ರಶ್ನೆ ಇದು: ಇದನ್ನು ಹಾಕಿದ್ದು ಶಾಲೆಯಾ, ಮಗುವಾ? ಸಹಪಾಠಿ ಶಿಲುಬೆಯ ಸರ ಹಾಕಿಕೊಂಡು ಬಂದರೆ ಅದು ಅವಳ ಹಕ್ಕು. ನಿಮ್ಮ ಮಗ ವಿಭೂತಿ ಇಟ್ಟುಕೊಂಡು ಹೋದರೆ ಅದು ಅವನ ಹಕ್ಕು. ಊಟಕ್ಕೆ ಮುಂಚೆ ಒಂದು ಮಗು ತಾನೇ ಪ್ರಾರ್ಥನೆ ಮಾಡಿಕೊಂಡರೆ ಯಾರೂ ತಡೆಯುವ ಹಾಗಿಲ್ಲ. ಹೈಸ್ಕೂಲಿನಲ್ಲಿ ಮಕ್ಕಳೇ ಬೈಬಲ್ ಕ್ಲಬ್ ಮಾಡಿಕೊಂಡಿದ್ದರೆ 1984ರ ಸಮಾನ ಅವಕಾಶದ ಕಾನೂನು ಅವರನ್ನು ಕಾಯುತ್ತದೆ, ಹಿಂದೂ ವಿದ್ಯಾರ್ಥಿಗಳ ಕ್ಲಬ್ಬನ್ನೂ ಕಾಯುತ್ತದೆ. ಇದ್ಯಾವುದರ ಮೇಲೂ ದೂರು ಕೊಡಬೇಡಿ. ಧರ್ಮದ ಬಗ್ಗೆ ಪಾಠ ಮಾಡುವುದೂ ತಪ್ಪಲ್ಲ. ಶಾಲೆಗಳಲ್ಲಿ ಬೈಬಲ್ ಓದಿಸುವುದನ್ನು ನಿಲ್ಲಿಸಿದ ಸುಪ್ರೀಂ ಕೋರ್ಟಿನ 1963ರ ತೀರ್ಪೇ ಅದನ್ನು ಸ್ಪಷ್ಟವಾಗಿ ಹೇಳಿದೆ.

ಶಾಲೆಯೇ ಹಾಕಿದ್ದಾದರೆ ಲೆಕ್ಕ ಬೇರೆ. 1980ರಲ್ಲಿ ಸ್ಟೋನ್ ಮತ್ತು ಗ್ರಹಾಂ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೆಂಟಕಿ ರಾಜ್ಯದ ಇಂಥದ್ದೇ ಕಾನೂನನ್ನು ಹೊಡೆದು ಹಾಕಿತು. ಅಲ್ಲೂ ಪೋಸ್ಟರ್ 16ಕ್ಕೆ 20 ಇಂಚು, ಅಲ್ಲೂ ದುಡ್ಡು ದಾನಿಗಳದ್ದು. ದಾನದ ದುಡ್ಡು ಅಂದ ಮಾತ್ರಕ್ಕೆ ಸರಿಯಾಗುವುದಿಲ್ಲ ಅಂದಿತು ಕೋರ್ಟ್. ಆಮೇಲೆ 2005ರಲ್ಲಿ ಆಸ್ಟಿನ್‌ನ ಕ್ಯಾಪಿಟಲ್ ಆವರಣದ ಹತ್ತು ಆಜ್ಞೆಗಳ ಕಲ್ಲು ಇರಬಹುದು ಅಂತ ಅದೇ ಕೋರ್ಟ್ ಹೇಳಿತು. ದೊಡ್ಡವರು ಓಡಾಡುವ ಮೈದಾನ ಬೇರೆ, ಎದ್ದು ಹೋಗಲಾಗದೆ ಮಕ್ಕಳು ಕೂತಿರುವ ಕ್ಲಾಸು ಬೇರೆ. 2022ರಲ್ಲಿ, ಆಟ ಮುಗಿದ ಮೇಲೆ ಮೈದಾನದಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಬ್ರೆಮರ್ಟನ್‌ನ ಸರ್ಕಾರಿ ಶಾಲೆಯ ಫುಟ್‌ಬಾಲ್ ಕೋಚ್ ಪರವಾಗಿ ಅದೇ ಕೋರ್ಟಿನ ತೀರ್ಪು ಬಂದು, ಇತಿಹಾಸ ಮತ್ತು ಸಂಪ್ರದಾಯ ನೋಡಿ ತೀರ್ಮಾನಿಸಬೇಕು ಅಂತಾಯಿತು. ಆ ಧೈರ್ಯದ ಮೇಲೆ ಲೂಸಿಯಾನ 2024ರಲ್ಲಿ, ಅರ್ಕನ್ಸಾ ಮತ್ತು ಟೆಕ್ಸಸ್ 2025ರಲ್ಲಿ ಈ ಕಾನೂನು ತಂದವು.

2025ರ ಆಗಸ್ಟಿನಲ್ಲಿ ಸ್ಯಾನ್ ಆಂಟೋನಿಯೋದ ನ್ಯಾಯಾಧೀಶ ಫ್ರೆಡ್ ಬಿಯರಿ ಕೆಲವು ಡಿಸ್ಟ್ರಿಕ್ಟುಗಳಿಗೆ ತಡೆ ಕೊಟ್ಟರು. ನವೆಂಬರಿನಲ್ಲಿ ಒರ್ಲಾಂಡೊ ಗಾರ್ಸಿಯಾ ಇನ್ನಷ್ಟು ಡಿಸ್ಟ್ರಿಕ್ಟುಗಳಿಗೆ ಪೋಸ್ಟರ್ ತೆಗೆಯಲು ಹೇಳಿದರು. ಈ ತಡೆ ಇದ್ದದ್ದು ಹೆಸರಿಸಿದ ಡಿಸ್ಟ್ರಿಕ್ಟುಗಳಿಗೆ ಮಾತ್ರ. ಅಷ್ಟರಲ್ಲಿ ಈ ಭಾಗದ ಮೇಲ್ಮನವಿ ಕೋರ್ಟಾದ ಐದನೇ ಸರ್ಕ್ಯೂಟ್ ಕೋರ್ಟಿನ ಪೂರ್ಣ ಪೀಠ ಟೆಕ್ಸಸ್ ಮತ್ತು ಲೂಸಿಯಾನ ಕೇಸುಗಳನ್ನು ಕೈಗೆತ್ತಿಕೊಂಡಿತು. ಹಾಗಾಗಿ ಪತ್ರ ಬರೆಯುವ ದಿನ ನಿಮ್ಮ ಡಿಸ್ಟ್ರಿಕ್ಟಿಗೆ ಯಾವ ಆದೇಶ ಇದೆ ಅಂತ ನೋಡಿಕೊಂಡೇ ಬರೆಯಿರಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ.

ಪತ್ರ ಯಾರಿಗೆ

ಟೀಚರಿಗೆ ಬರೆಯಬೇಡಿ. ಅವರ ಕೈಯಲ್ಲಿ ಏನೂ ಇಲ್ಲ. ಪೋಸ್ಟರ್ ಹಾಕಲಿಲ್ಲ ಅಂತ ರೌಂಡ್ ರಾಕ್, ಲಿಯಾಂಡರ್ ಡಿಸ್ಟ್ರಿಕ್ಟುಗಳ ಮೇಲೆ ರಾಜ್ಯದ ಅಟಾರ್ನಿ ಜನರಲ್ ಕೇಸು ಹಾಕಿದ್ದಾರೆ. ಒಬ್ಬ ಟೀಚರ್ ಅದನ್ನು ಎದುರಿಸಲಿ ಅನ್ನುವುದು ನ್ಯಾಯವಲ್ಲ. ಅವರಿಗೆ ಪೋಸ್ಟರ್ ಇಷ್ಟವಿಲ್ಲದೆಯೂ ಇರಬಹುದು.

ಮೊದಲು ಗೋಡೆಯ ಒಂದು ಫೋಟೋ ಇಟ್ಟುಕೊಳ್ಳಿ, ಅದರಲ್ಲಿ ಬೇರೆ ಮಕ್ಕಳ ಮುಖ ಬೇಡ. ಯಾವ ರೂಮು, ಯಾವ ದಿನ ಅಂತ ಬರೆದಿಡಿ. ಆಮೇಲೆ ಪ್ರಿನ್ಸಿಪಾಲರಿಗೆ ಈಮೇಲ್. ಫೋನ್ ಬೇಡ, ಬರಹದಲ್ಲೇ ಇರಲಿ. ಅರ್ಧ ಪುಟ ಸಾಕು. ನಾನು ಬರೆದ ಈಮೇಲಿನ ತಿರುಳು ಇದು:

"ನನ್ನ ಮಗಳು ನಿಮ್ಮ ಶಾಲೆಯ ಮೂರನೇ ಕ್ಲಾಸಿನಲ್ಲಿದ್ದಾಳೆ. ಶಾಲೆ ನಮಗೆ ತುಂಬ ಇಷ್ಟ. ಅವಳ ಕ್ಲಾಸಿನಲ್ಲಿರುವ ಪೋಸ್ಟರ್ ನಮ್ಮ ಮನೆಯ ಪೂಜೆಯನ್ನು ತಪ್ಪು ಅನ್ನುತ್ತದೆ. ಮಗುವಿಗೆ ಯಾವ ಧರ್ಮ ಕಲಿಸಬೇಕು ಅನ್ನುವುದು ಅಪ್ಪ ಅಮ್ಮನ ಕೆಲಸ. ಈ ಪೋಸ್ಟರನ್ನು ಯಾರು ಕೊಟ್ಟರು, ಎಷ್ಟು ರೂಮಿನಲ್ಲಿದೆ, ಡಿಸ್ಟ್ರಿಕ್ಟಿನ ವಕೀಲರು ಏನು ಸಲಹೆ ಕೊಟ್ಟಿದ್ದಾರೆ, ಇದನ್ನು ತೆಗೆಯಲು ಯಾರನ್ನು ಕೇಳಬೇಕು ಅಂತ ದಯವಿಟ್ಟು ತಿಳಿಸಿ. ನಮ್ಮ ಧರ್ಮದ ಚಿತ್ರ ಹಾಕಿ ಅಂತ ನಾವು ಕೇಳುತ್ತಿಲ್ಲ."

ಕೊನೆಯ ವಾಕ್ಯವನ್ನು ಬಿಡಬೇಡಿ. ನಮ್ಮದೂ ಹಾಕಿ ಅಂದ ತಕ್ಷಣ, ಸರ್ಕಾರ ದೇವರ ಫೋಟೋ ಹಾಕುವುದು ಸರಿ ಅಂತ ನಾವೇ ಒಪ್ಪಿದ ಹಾಗಾಗುತ್ತದೆ. ಅಲ್ಲದೆ ಆ ದಾರಿ ಮುಂದಕ್ಕೆ ಹೋಗುವುದೂ ಇಲ್ಲ. "ಇನ್ ಗಾಡ್ ವಿ ಟ್ರಸ್ಟ್" (ದೇವರಲ್ಲಿ ನಮ್ಮ ನಂಬಿಕೆ) ಅನ್ನುವ ಬೋರ್ಡು ದಾನ ಬಂದರೆ ಹಾಕಬೇಕು ಅಂತ 2021ರಲ್ಲಿ ಟೆಕ್ಸಸ್ ಕಾನೂನು ಮಾಡಿತು. 2022ರಲ್ಲಿ ಡಾಲಸ್ ಹತ್ತಿರದ ಸೌತ್‌ಲೇಕಿನಲ್ಲಿ ಒಬ್ಬರು ಅದೇ ಮಾತನ್ನು ಅರೇಬಿಕ್ ಲಿಪಿಯಲ್ಲಿ ಬರೆದ ಬೋರ್ಡ್ ತಂದು ಕೊಡಲು ಹೋದರು. ಶಾಲೆಗಳಲ್ಲಿ ಬೋರ್ಡ್ ಆಗಲೇ ಇದೆ ಅಂತ ತೆಗೆದುಕೊಳ್ಳಲಿಲ್ಲ.

"ನಾವು ಓದಿದ ಶಾಲೇಲಿ ಶಾರದಾ ಪೂಜೆ ಆಗ್ತಿತ್ತು, ಯಾರಿಗೇನಾಯ್ತು?" ಅಂತ ನನ್ನ ಅಣ್ಣ ಫೋನಿನಲ್ಲಿ ಕೇಳಿದ. ನಮಗೇನೂ ಆಗಲಿಲ್ಲ, ನಿಜ. ಅದು ನಮ್ಮ ದೇವರು. ಪಕ್ಕದ ಬೆಂಚಿನ ಮಗುವನ್ನು ಯಾರೂ ಕೇಳಲಿಲ್ಲ. ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಯಲ್ಲಿ ಧರ್ಮದ ಬೋಧನೆ ಇರಬಾರದು ಅಂತ ನಮ್ಮ ಸಂವಿಧಾನದ 28ನೇ ವಿಧಿಯೂ ಹೇಳುತ್ತದೆ. ಇಲ್ಲಿ ಪಕ್ಕದ ಬೆಂಚಿನ ಮಗು ನಮ್ಮದು.

ಉತ್ತರ ಬರದಿದ್ದರೆ

ಟೆಕ್ಸಸ್ ಡಿಸ್ಟ್ರಿಕ್ಟುಗಳಲ್ಲಿ ಪಾಲಕರ ದೂರಿಗೆ ಎಫ್‌ಎನ್‌ಜಿ ಅನ್ನುವ ನಿಯಮ ಇದೆ. ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಹುಡುಕಿದರೆ ಫಾರಂ ಸಿಗುತ್ತದೆ. ಮೊದಲು ಶಾಲೆಯ ಮಟ್ಟ, ಆಮೇಲೆ ಸೂಪರಿಂಟೆಂಡೆಂಟ್ ಕಚೇರಿ, ಕೊನೆಗೆ ಸ್ಕೂಲ್ ಬೋರ್ಡ್. ಪ್ರತಿ ಹಂತಕ್ಕೂ ಗಡುವಿದೆ. ಗಡುವು ತಪ್ಪಿದರೆ ದೂರನ್ನು ಅಲ್ಲೇ ಮುಗಿಸಿಬಿಡಬಹುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಜೊತೆಗೆ ಸಾರ್ವಜನಿಕ ಮಾಹಿತಿ ಕಾಯ್ದೆಯಡಿ ದಾಖಲೆ ಕೇಳಬಹುದು. ನಮ್ಮೂರಿನ ಆರ್‌ಟಿಐ ಹಾಕಿದವರಿಗೆ ಇದು ಹೊಸದಲ್ಲ. ಡಿಸ್ಟ್ರಿಕ್ಟ್ ಹೇಳಿದ ಈಮೇಲ್ ವಿಳಾಸಕ್ಕೇ ಬರೆಯಿರಿ. ಕೊಡುವುದಿಲ್ಲ ಅನ್ನುವುದಾದರೆ 10 ಕೆಲಸದ ದಿನದೊಳಗೆ ಅವರು ಅಟಾರ್ನಿ ಜನರಲ್ ಅಭಿಪ್ರಾಯ ಕೇಳಬೇಕು. ಯಾರು ದಾನ ಕೊಟ್ಟರು, ಡಿಸ್ಟ್ರಿಕ್ಟಿನ ದುಡ್ಡು ಖರ್ಚಾಯಿತಾ ಅನ್ನುವುದು ಹೀಗೆ ಗೊತ್ತಾಗುತ್ತದೆ.

ಬೋರ್ಡ್ ಸಭೆಗೆ ದಯವಿಟ್ಟು ಹೋಗಿ. ಮೊದಲೇ ಹೆಸರು ಬರೆಸಬೇಕು. ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ. ಬರೆದುಕೊಂಡು ಹೋಗಿ ಓದಿ. ಉಚ್ಚಾರಣೆ ಬಗ್ಗೆ ಸಂಕೋಚ ಬೇಡ, ಅಲ್ಲಿ ಕೂತವರು ಕೇಳಬೇಕಾದ್ದು ಒಬ್ಬ ತಾಯಿಯ ಮಾತು. ನಾಲ್ಕು ಕುಟುಂಬ ಒಟ್ಟಿಗೆ ಹೋದರೆ ಒಬ್ಬರು ವಿಗ್ರಹದ ಸಾಲಿನ ಬಗ್ಗೆ, ಇನ್ನೊಬ್ಬರು 1980ರ ತೀರ್ಪಿನ ಬಗ್ಗೆ ಮಾತಾಡಿ. ಎಲ್ಲರೂ ಒಂದೇ ಮಾತು ಹೇಳುವುದು ಬೇಡ. ಪೌರತ್ವ ಸಿಕ್ಕವರು ಬೋರ್ಡ್ ಚುನಾವಣೆಯಲ್ಲಿ ಮತ ಹಾಕಿ.

ವೀಸಾ ಭಯ ನನಗೆ ಅರ್ಥವಾಗುತ್ತದೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು ಬಾಯಿ ಬಿಡಲು ಹೆದರುತ್ತಾರೆ. ಮೊದಲ ತಿದ್ದುಪಡಿ ಪೌರರಿಗೆ ಮಾತ್ರ ಅಂತ ಬರೆದಿಲ್ಲ. ಆದರೂ ಹೆಸರು ಹೊರಗೆ ಬರುವುದು ಬೇಡ ಅನಿಸಿದರೆ, ಪೌರತ್ವ ಇರುವ ಸ್ನೇಹಿತರು ಮುಂದೆ ನಿಲ್ಲಲಿ, ನೀವು ಬರೆಯಲು ನೆರವಾಗಿ. ಕೋರ್ಟಿನವರೆಗೆ ಹೋದರೂ ಹೆಸರು ಮುಚ್ಚಿಡಲು ಕೇಳಬಹುದು. ಟೆಕ್ಸಸ್‌ನದ್ದೇ ಸಾಂಟಾ ಫೆ ಡಿಸ್ಟ್ರಿಕ್ಟಿನಲ್ಲಿ ಫುಟ್‌ಬಾಲ್ ಆಟಕ್ಕೆ ಮುಂಚೆ ಮೈಕಿನಲ್ಲಿ ಪ್ರಾರ್ಥನೆ ಮಾಡಿಸುವುದನ್ನು ಪ್ರಶ್ನಿಸಿ ಎರಡು ಕುಟುಂಬಗಳು ಹೋರಾಡಿದವು, ಒಂದು ಮಾರ್ಮನ್, ಇನ್ನೊಂದು ಕ್ಯಾಥೊಲಿಕ್. ಅವರನ್ನು ಕೋರ್ಟ್ "ಡೋ" ಅನ್ನುವ ಮುಚ್ಚುಹೆಸರಿನಲ್ಲೇ ಉಳಿಸಿತು. 2000ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರೇ ಗೆದ್ದರು. ವಕೀಲರ ನೆರವಿಗೆ ಎಸಿಎಲ್‌ಯು ಟೆಕ್ಸಸ್, ಅಮೆರಿಕನ್ಸ್ ಯುನೈಟೆಡ್, ಫ್ರೀಡಂ ಫ್ರಂ ರಿಲಿಜನ್ ಫೌಂಡೇಶನ್ ಅನ್ನುವ ಮೂರು ಸಂಸ್ಥೆಗಳಿಗೂ ಬರೆಯಬಹುದು. ಟೆಕ್ಸಸ್ ಕೇಸುಗಳನ್ನು ನಡೆಸಿದವರು ಅವರೇ.

ಸಹಿ ಹಾಕುವ ಮುನ್ನ

ಪೋಸ್ಟರ್ ಗಲಾಟೆಯಲ್ಲಿ ಇನ್ನೊಂದು ಕಾನೂನು ಜನರ ಕಣ್ಣು ತಪ್ಪಿದೆ. ಎಸ್‌ಬಿ 11 ಪ್ರಕಾರ ಶಾಲೆಯಲ್ಲಿ ಪ್ರಾರ್ಥನೆಗೆ, ಬೈಬಲ್ ಅಥವಾ ಬೇರೆ ಧರ್ಮಗ್ರಂಥ ಓದಲು ದಿನವೂ ಸಮಯ ಇಡಬೇಕಾ ಅಂತ ಪ್ರತಿ ಬೋರ್ಡೂ 2026ರ ಮಾರ್ಚ್ 1ರೊಳಗೆ ಮತ ಹಾಕಬೇಕಿತ್ತು. ನಿಮ್ಮ ಬೋರ್ಡ್ ಹೇಗೆ ಮತ ಹಾಕಿದೆ ಅಂತ ಸಭೆಯ ದಾಖಲೆಯಲ್ಲಿ ನೋಡಿ. ಬೇಕು ಅಂದಿದ್ದರೆ ಮನೆಗೆ ಒಂದು ಒಪ್ಪಿಗೆ ಪತ್ರ ಬರುತ್ತದೆ. ಸುಮ್ನೆ ಸಹಿ ಹಾಕಿ ಕಳಿಸಬೇಡಿ. ಈ ವಿಷಯದಲ್ಲಿ ಕೇಸು ಹಾಕುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಅನ್ನುವ ಸಾಲೂ ಅದರಲ್ಲಿರುತ್ತದೆ. ಸಹಿ ಇಲ್ಲದಿದ್ದರೆ ನಿಮ್ಮ ಮಗುವನ್ನು ಅದರಲ್ಲಿ ಸೇರಿಸುವ ಹಾಗಿಲ್ಲ.

ಡಿಸೆಂಬರಿನ ಅಲಂಕಾರಕ್ಕೆ ಬೇರೆ ನಿಯಮ. 2013ರ ಟೆಕ್ಸಸ್ ಕಾನೂನಿನ ಪ್ರಕಾರ ಶಾಲೆ ಕ್ರಿಸ್ತ ಜನನದ ಬೊಂಬೆಗಳನ್ನು ಇಡಬಹುದು. ಆದರೆ ಜೊತೆಗೆ ಇನ್ನೊಂದು ಧರ್ಮದ್ದೋ, ಧರ್ಮಕ್ಕೆ ಸಂಬಂಧವಿಲ್ಲದ್ದೋ ಏನಾದರೂ ಇರಬೇಕು. ಒಂದು ಹಿಮದ ಗೊಂಬೆ ಇಟ್ಟರೂ ಆಯಿತು. ಇದರ ಮೇಲೆ ಜಗಳ ಮಾಡುವುದರಲ್ಲಿ ಅರ್ಥವಿಲ್ಲ. ದೀಪಾವಳಿಗೆ ಶಾಲೆ ಕರೆದರೆ ರಂಗೋಲಿ ಹಾಕಿ, ಹಬ್ಬದ ಕಥೆ ಹೇಳಿ. ಆರತಿ ಎತ್ತಬೇಡಿ, ಮಕ್ಕಳ ಹಣೆಗೆ ಕುಂಕುಮ ಇಡಬೇಡಿ. ಇನ್ನೊಬ್ಬರು ನಮ್ಮ ಮಕ್ಕಳಿಗೆ ಮಾಡಬಾರದು ಅಂತ ನಾವು ಕೇಳುವುದನ್ನು ನಾವೂ ಮಾಡಬಾರದು, ಅಲ್ವಾ?

ಮಗುವಿಗೆ ಏನು ಹೇಳಬೇಕು ಅಂತ ತುಂಬ ಜನ ಕೇಳುತ್ತಾರೆ. ಪೋಸ್ಟರ್ ಮುಟ್ಟಬೇಡ, ಅದನ್ನು ನಂಬುವ ಗೆಳತಿಯನ್ನು ಗೇಲಿ ಮಾಡಬೇಡ, ಯಾರಾದರೂ ಜೋರಾಗಿ ಓದು ಅಂದರೆ "ಅಮ್ಮನನ್ನು ಕೇಳಬೇಕು" ಅನ್ನು. ನನ್ನ ಮಗಳಿಗೆ ಇಷ್ಟೇ ಹೇಳಿದ್ದೇನೆ. ಮಗ ದೊಡ್ಡವನು, ಅವನಿಗೆ ತೀರ್ಪುಗಳ ಕಥೆ ಹೇಳಿದೆ. ಪ್ಲೆಡ್ಜ್ (ಶಾಲೆಯಲ್ಲಿ ಧ್ವಜದ ಮುಂದೆ ಹೇಳುವ ನಿಷ್ಠೆಯ ಪ್ರತಿಜ್ಞೆ) ಹೇಳುವುದು ಬೇಡ ಅನಿಸಿದವರು ಶಾಲೆಗೆ ಪತ್ರ ಕೊಟ್ಟರೆ ಬಿಡುತ್ತಾರೆ. ಹಬ್ಬದ ದಿನ ರಜೆಗೂ ಪತ್ರ ಸಾಕು. ಧಾರ್ಮಿಕ ಹಬ್ಬಕ್ಕೆ ಹಾಕಿದ ರಜೆಯನ್ನು ಟೆಕ್ಸಸ್‌ನಲ್ಲಿ ಗೈರುಹಾಜರಿ ಅಂತ ಹಿಡಿಯುವ ಹಾಗಿಲ್ಲ, ತಪ್ಪಿದ ಪಾಠ ಮುಗಿಸಲು ಸಮಯವನ್ನೂ ಕೊಡಬೇಕು. ಯುಗಾದಿಗೂ ಗೌರಿ ಹಬ್ಬಕ್ಕೂ ಹಿಂದಿನ ವಾರವೇ ಈಮೇಲ್ ಕಳಿಸಿಬಿಡಿ.